ಬ್ಯಾಟರಿಗೆ ಸೌನಾ ಸ್ನಾನ

"ಮೆಲ್ಲಗೆ! ಮೆಲ್ಲಗೆ ಅಂದೆ ಕಣೇ! ಅದೇನು ಆಲೂಗಡ್ಡೆ ಮೂಟೆನಾ?"

ಹಿಲ್ಲಾ ಕೂಗಿಕೊಂಡಳು. ಹಿಮದ ಮೇಲೆ ಜಾರುಬಂಡಿ ಒಂದು ಕಡೆಗೆ ವಾಲಿತ್ತು. ಅದರ ಮೇಲೆ ಕಂಬಳಿ ಹೊದ್ದು ಕೂತಿದ್ದ ಬ್ಯಾಟರಿ ಇನ್ನೇನು ಉರುಳುವುದರಲ್ಲಿತ್ತು.

"ಆಲೂಗಡ್ಡೆ ಮೂಟೆನೇ ವಾಸಿ. ಇದರೊಳಗೆ ನಿಮ್ಮ ಉಕ್ಕಿ ಕಲ್ಲು ತುಂಬಿಸಿಟ್ಟಿದಾರಾ?" ಎಂದು ಹಿಂದಿನಿಂದ ತಳ್ಳುತ್ತಿದ್ದ ಸೈಮಿ ಏದುಸಿರು ಬಿಟ್ಟಳು. ಸೈಮಿ ಹಿಲ್ಲಾಳ ಕ್ಲಾಸ್‌ಮೇಟ್, ಪಕ್ಕದ ತೋಟದ ಮನೆಯವಳು. ಕೆಲಸಕ್ಕೆ ಕರೆದರೆ ಬರುತ್ತಾಳೆ, ಆದರೆ ಬಾಯಿ ಸುಮ್ಮನಿರುವುದಿಲ್ಲ.

ಉಕ್ಕಿ ಎಂದರೆ ಅಜ್ಜ. ಫಿನ್ಲೆಂಡಿನಲ್ಲಿ ಎಷ್ಟೋ ಮಕ್ಕಳು ಅಜ್ಜನನ್ನು ಕರೆಯುವುದೇ ಹಾಗೆ. ಹಿಲ್ಲಾಳ ಅಜ್ಜ ಹೆಸರಿಗೆ ಉಕ್ಕಿಯಾದರೂ, ಒಲೆಯ ಮೇಲಿನ ಹಾಲಿನ ಹಾಗೆ ಉಕ್ಕಿದ್ದನ್ನು ಯಾರೂ ಕಂಡಿರಲಿಲ್ಲ. ಕಾರಿನ ಬಾಗಿಲಿಗೆ ಹೆಬ್ಬೆರಳು ಸಿಕ್ಕಿಕೊಂಡು ಉಗುರು ಕಪ್ಪಾದಾಗಲೂ "ಓಹೋ" ಎಂದು ಸುಮ್ಮನಾದ ಮನುಷ್ಯ ಆತ.

ಸೊಂಟದ ಆಪರೇಷನ್ನಿಗೆ ಆಸ್ಪತ್ರೆ ಸೇರುವ ಮುಂಚೆ ಉಕ್ಕಿ ಹಿಲ್ಲಾಳನ್ನು ಕ್ಯಾರವಾನಿನ ಹತ್ತಿರ ಕರೆದಿದ್ದ. ಕ್ಯಾರವಾನ್ ಎಂದರೆ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಗಾಲಿಮನೆ. ಬೇಸಿಗೆ ರಜೆಯಲ್ಲಿ ಅಜ್ಜ ಮೊಮ್ಮಗಳು ಅದರಲ್ಲೇ ಮಲಗಿ ಎದ್ದು, ಮೀನು ಹಿಡಿಯುತ್ತಾ ಸರೋವರದಿಂದ ಸರೋವರಕ್ಕೆ ಅಲೆಯುತ್ತಿದ್ದರು. ಚಳಿಗಾಲ ಬಂತೆಂದರೆ ಅದು ಅಂಗಳದ ಮೂಲೆಯಲ್ಲಿ ಹಿಮ ಹೊದ್ದು ನಿಲ್ಲುತ್ತಿತ್ತು.

"ಕ್ಯಾರವಾನ್ ನಿದ್ದೆ ಮಾಡ್ಲಿ, ಬ್ಯಾಟರಿ ಮಾತ್ರ ಮಾಡಬಾರದು," ಎಂದಿದ್ದ ಉಕ್ಕಿ. "ಮೊದಲು ಕಪ್ಪು ತಂತಿ ಬಿಚ್ಚು, ಆಮೇಲೆ ಕೆಂಪು. ಅಮ್ಮನ ಕೈಲಿ ಎತ್ತಿಸ್ಕೊಂಡು ಮನೆಯೊಳಗೆ ಇಡು. ತಿಂಗಳಿಗೊಂದ್ಸಲ ಚಾರ್ಜರ್ ಹಾಕು. ಹೊಟ್ಟೆ ತುಂಬಿರೋ ಬ್ಯಾಟರಿಗೆ ಚಳಿ ಏನೂ ಮಾಡಲ್ಲ. ಖಾಲಿ ಹೊಟ್ಟೆದು ಹೆಪ್ಪುಗಟ್ಟಿ ಕಲ್ಲಾಗಿಬಿಡುತ್ತೆ."

"ಅಷ್ಟೇ ತಾನೆ?"

"ಅಷ್ಟೇ. ಅಮ್ಮಂಗೆ ನೂರೆಂಟು ಕೆಲಸ ಇದೆ. ಇದು ನಿಂದು. ನಾನು ಕೇಳೋದು ನಿನ್ನನ್ನೇ."

ಕೇಳುತ್ತಲೂ ಇದ್ದ. ಭಾನುವಾರ ಬಂತೆಂದರೆ ಆಸ್ಪತ್ರೆಯಿಂದ ಫೋನ್.

"ಬ್ಯಾಟರಿ ಹೇಗಿದೆ?"

"ಚೆನ್ನಾಗಿದೆ. ನೀನು ಹೇಗಿದೀಯಾ?"

"ಚೆನ್ನಾಗಿದೀನಿ. ಕಾರಿಡಾರೆಲ್ಲ ಸುತ್ತಿ ಬಂದೆ."

ಮಾತು ಅಲ್ಲಿಗೇ ಮುಗಿಯುತ್ತಿತ್ತು. ಮುತ್ತು ಉದುರೀತೇನೋ ಎಂಬ ಹಾಗೆ ಬಾಯಿ ಮುಚ್ಚಿಕೊಂಡೇ ಇರುವ ಜನ ಅವರು.

ಬ್ಯಾಟರಿ ಚೆನ್ನಾಗಿರಲಿಲ್ಲ. ಅದು ಕ್ಯಾರವಾನಿನಿಂದ ಹೊರಗೇ ಬಂದಿರಲಿಲ್ಲ. ಶನಿವಾರ ಬೆಳಿಗ್ಗೆ ಉಕ್ಕಿಯನ್ನು ನೋಡಲು ಹೋದ ಅಮ್ಮ ಅಲ್ಲಿಂದಲೇ ಫೋನ್ ಮಾಡಿ, "ಹಿಲ್ಲಾ! ಇವತ್ತೇ ಮನೆಗೆ ಕಳಿಸ್ತಿದಾರೆ! ಸೌನಾ ಹೊತ್ತಿಸಿಡು, ಅದೊಂದನ್ನೇ ಕೇಳ್ತಿದಾನೆ," ಎಂದಾಗ ಹಿಲ್ಲಾಳಿಗೆ ಖುಷಿಯೂ ಆಯಿತು, ಎದೆಯೂ ಧಸಕ್ಕೆಂದಿತು. ಓಡಿಹೋಗಿ ನೋಡಿದರೆ ಬ್ಯಾಟರಿಯ ಮೈಯೆಲ್ಲ ಬಿಳಿ ಹಿಮಪುಡಿ. ಪಕ್ಕೆಗಳು ಊದಿಕೊಂಡಿದ್ದವು. ಅಲುಗಾಡಿಸಿದರೆ ಒಳಗೆ ಗುಳುಗುಳು ಎನ್ನಬೇಕಾದದ್ದು ಏನೂ ಅನ್ನಲಿಲ್ಲ.

ಸೈಮಿ ಬಂದು ನೋಡಿ ನಾಲಗೆ ಚಪ್ಪರಿಸಿದಳು.

"ಯಾಕೆ ಒಳಗೆ ತಂದಿಡ್ಲಿಲ್ಲ ನೀನು?"

"ಮರ್ತೆ," ಎಂದಳು ಹಿಲ್ಲಾ. ಅದು ಸುಳ್ಳು. ನಿಜ ಹೇಳಿದರೆ ಸೈಮಿ ಸೋಮವಾರ ಇಡೀ ಕ್ಲಾಸಿಗೆ ಹೇಳಿಕೊಂಡು ನಗುತ್ತಾಳೆ.

"ಈಗ ಏನೇ ಮಾಡೋದು? ಬಂದ ತಕ್ಷಣ ಕೇಳ್ತಾನೆ!"

"ಏನು ಮಾಡೋದು ಅಂತ ಕೇಳ್ತೀಯಲ್ಲ, ಪೆದ್ದಿ! ನಿಮ್ಮಮ್ಮ ಏನು ಹೊತ್ತಿಸು ಅಂದಿದಾರೆ? ಶೀತಕ್ಕೆ ಸೌನಾ. ಬೆನ್ನು ನೋವಿಗೆ ಸೌನಾ. ನಮ್ಮಜ್ಜಿ ಹುಟ್ಟಿದ್ದೇ ಸೌನಾದಲ್ಲಂತೆ. ಸೌನಾದಲ್ಲಿ ವಾಸಿ ಆಗದಿದ್ರೆ ಆಸೆ ಬಿಟ್ಟುಬಿಡು ಅಂತಾರೆ ಅವರು. ಬ್ಯಾಟರಿಗೇನು ಬಂದಿದೆ ಅಂಥ ದೊಡ್ಡ ರೋಗ?"

ಹಿಲ್ಲಾಳಿಗೆ ಇದು ಸರಿಯೆನಿಸಿತು. ಆ ದೇಶದಲ್ಲಿ ಯಾರಿಗಾದರೂ ಸರಿಯೆನಿಸುತ್ತಿತ್ತು. ಕಲ್ಲು ಕಾಯಿಸಿ, ಅದರ ಮೇಲೆ ನೀರೆರಚಿ, ಬಿಸಿ ಹಬೆಯಲ್ಲಿ ಕೂತು ಬೆವರು ಹರಿಸುವ ಆ ಮರದ ಕೋಣೆಯ ಮೇಲೆ ಅವರಿಗೆ ಡಾಕ್ಟರಿಗಿಂತ ಒಂದು ಕೈ ಹೆಚ್ಚು ನಂಬಿಕೆ.

ಜಾರುಬಂಡಿ ಹೇಗೋ ಅಂಗಳ ದಾಟಿತು. ಸೌನಾದ ಒಲೆ ಆಗಲೇ ಉರಿಯುತ್ತಿತ್ತು. ಇಬ್ಬರೂ ಬ್ಯಾಟರಿಯನ್ನು ಎತ್ತಿ ನೆಲದ ಮೇಲೆ, ನೆಂಟರಿಗೆಂದು ಎತ್ತಿಟ್ಟಿದ್ದ ಒಳ್ಳೆಯ ಟವೆಲಿನ ಮೇಲೆ ಕೂರಿಸಿದರು. ರೋಗಿ ತಾನೇ, ಹಳೇ ಟವೆಲ್ ಹಾಕುವುದು ಚೆನ್ನಾಗಿರುವುದಿಲ್ಲ.

ಸೈಮಿ ಸೌಟಿನಲ್ಲಿ ನೀರು ತೆಗೆದು ಕಲ್ಲಿನ ಮೇಲೆ ಎರಚಿದಳು. ಚುಯ್ಯ್ ಎಂದು ಹಬೆ ಎದ್ದಿತು. ಆಮೇಲೆ ಗೋಡೆಯ ಮೇಲಿದ್ದ ಒಣ ಬರ್ಚ್ ಮರದ ಸೊಪ್ಪಿನ ಕಟ್ಟನ್ನು ತೆಗೆದು, ಮೈಗೆ ತಟ್ಟಿಕೊಳ್ಳುವ ಹಾಗೆಯೇ ಬ್ಯಾಟರಿಯ ಬೆನ್ನಿಗೂ ಎರಡು ತಟ್ಟಿದಳು.

"ರಕ್ತ ಓಡಾಡ್ಲಿ," ಎಂದಳು ದೊಡ್ಡ ಡಾಕ್ಟರಮ್ಮನ ಹಾಗೆ.

ಹಿಲ್ಲಾ ಭಯದ ನಡುವೆಯೂ ನಕ್ಕಳು. ಜಾಕೆಟ್ ಬಿಚ್ಚಿಟ್ಟು ಇಬ್ಬರೂ ಕಾದರು. ಹಿಮಪುಡಿ ಕರಗಿತು. ಒಳಗೆಲ್ಲೋ ಟಿಕ್ ಎಂದಿತು. ಇನ್ನೊಂದು ಸಲ ಟಕ್ ಎಂದಿತು. ಸ್ವಲ್ಪ ಹೊತ್ತಿಗೆ ಬ್ಯಾಟರಿಯ ಪಕ್ಕೆಯಲ್ಲಿ ಒಂದು ಹನಿ ಮೂಡಿ ಕೆಳಗಿಳಿಯಿತು. ಅದರ ಹಿಂದೆ ಇನ್ನೊಂದು.

"ಬೆವರ್ತಿದೆ! ನೋಡೇ, ಬೆವರ್ತಿದೆ!" ಸೈಮಿ ಕುಣಿದಳು. "ನಾನು ಹೇಳ್ಲಿಲ್ವಾ? ವಾಸಿ ಆಗ್ತಿದೆ!"

ಆಗಲೇ ಅಂಗಳದಲ್ಲಿ ಕಾರು ನಿಂತ ಸದ್ದಾಯಿತು.

"ಅಯ್ಯೋ, ನಮ್ಮನೇಲಿ ಊಟಕ್ಕೆ ಕಾಯ್ತಿರ್ತಾರೆ," ಎಂದು ಸೈಮಿ ಜಾಕೆಟ್ ಎತ್ತಿಕೊಂಡು ಓಡಿದಳು. ಊಟದ ಹೊತ್ತು ಮೀರಿ ಎಷ್ಟೋ ಆಗಿತ್ತು. ಹೊರಗೆ ಆಗಲೇ ಕತ್ತಲು ಕವಿಯುತ್ತಿತ್ತು. ಅವಳ ಸ್ಕೀಗಳ ಸದ್ದು ಬೇಲಿಯಾಚೆ ದೂರವಾಯಿತು.

ಹಿಲ್ಲಾ ಒಬ್ಬಳೇ ಉಳಿದಳು. ಬೆವರನ್ನಾದರೂ ಒರೆಸಿ, ಸ್ವಲ್ಪ ಚೆಂದ ಕಾಣುವ ಹಾಗೆ ಮಾಡೋಣವೆಂದು ಬಗ್ಗಿ ಕೈ ಚಾಚಿದಳು.

"ಮುಟ್ಟಬೇಡ!"

ಸೌನಾದ ಗೋಡೆ ಅದುರಿತು. ಬಾಗಿಲಲ್ಲಿ ಉಕ್ಕಿ ನಿಂತಿದ್ದ. ಒಂದು ಊರುಗೋಲು ಕೈಜಾರಿ ಬಿದ್ದಿತ್ತು. ಮುಖ ಕೆಂಪಾಗಿತ್ತು. "ಹಿಂದಕ್ಕೆ ಬಾ! ಬಾ ಅಂದ್ರೆ ಬಾ!"

ಹುಟ್ಟಿದಾಗಿನಿಂದ ಕೇಳದ ದನಿ ಅದು. ಉಕ್ಕಿ ಕೊನೆಗೂ ಉಕ್ಕಿದ್ದ. ಹಿಲ್ಲಾ ಹೆದರಿ ಗೋಡೆಗೆ ಅಂಟಿಕೊಂಡಳು.

ಉಕ್ಕಿ ಅವಳ ಕೈಗಳನ್ನು ಹಿಡಿದು ತಣ್ಣೀರಿನ ಬಕೆಟ್ಟಿನಲ್ಲಿ ಅದ್ದಿದ. ತಿರುಗಿಸಿ ತಿರುಗಿಸಿ ನೋಡಿದ. ಬೆರಳು ಬೆರಳನ್ನೂ ನೋಡಿದ. ಕೈಗೆ ಏನೂ ಆಗಿರಲಿಲ್ಲ. ಆದರೆ ನೆಂಟರ ಟವೆಲಿನಲ್ಲಿ, ಹನಿ ಬಿದ್ದ ಕಡೆ, ನೂಲು ಕರಗಿ ಜಾಲರಿಯಾಗಿತ್ತು.

"ನೀರಲ್ಲ ಅದು. ಆಸಿಡ್," ಎಂದ ಉಕ್ಕಿ, ಉಸಿರು ಸಿಕ್ಕ ಮೇಲೆ. "ಚರ್ಮ ಸುಡುತ್ತೆ. ಕಣ್ಣಿಗೆ ಹಾರಿದ್ರೆ ಕಣ್ಣೇ ಹೋಗುತ್ತೆ. ಹೆಪ್ಪುಗಟ್ಟಿದ ಬ್ಯಾಟರಿ ಹತ್ರ ಬೆಂಕಿ ಇರಬಾರದು, ಚಾರ್ಜರೂ ಹಾಕಬಾರದು."

ಅಮ್ಮ ಅಡುಗೆ ಸೋಡಾದ ಡಬ್ಬ ಹಿಡಿದು ಓಡಿ ಬಂದಳು. ರಬ್ಬರ್ ಗ್ಲೌಸ್ ಹಾಕಿಕೊಂಡು ಬ್ಯಾಟರಿಯನ್ನು ಪ್ಲಾಸ್ಟಿಕ್ ಟಬ್ಬಿಗೆ ಇಳಿಸಿದಳು. ಸೋಡಾ ಸುರಿದ ಕಡೆಯೆಲ್ಲ ನೆಲದಲ್ಲಿ ಬುಸ್ಸೆಂದು ನೊರೆ ಬಂತು. ಜಾಲರಿಯಾದ ಟವೆಲನ್ನೂ ಟಬ್ಬಿಗೇ ಹಾಕಿದಳು. ಬಕೆಟ್ ಬಕೆಟ್ ನೀರು ಸುರಿದು ನೆಲ ತೊಳೆದು, ಬಾಗಿಲು ತೆರೆದಿಟ್ಟು, ಟಬ್ಬನ್ನು ಶೆಡ್ಡಿಗೆ ಎಳೆದುಕೊಂಡು ಹೋದಳು.

ಸೌನಾದ ಹೊರಕೋಣೆಯ ಬೆಂಚಿನ ಮೇಲೆ ಅಜ್ಜ ಮೊಮ್ಮಗಳು ಕೂತರು. ಹಿಲ್ಲಾ ಆಗ ಉಕ್ಕಿಯನ್ನು ಸರಿಯಾಗಿ ನೋಡಿದಳು. ಕೋಟು ಅವನದೇ, ಆದರೆ ಬೇರೆ ಯಾರದೋ ತೊಟ್ಟ ಹಾಗೆ ದೊಗಳೆಯಾಗಿತ್ತು.

"ಸೌನಾಗೆ ಹಾಕಬೇಡ ಅಂತ ನಾನು ಹೇಳಿರ್ಲಿಲ್ಲ," ಎಂದ ಉಕ್ಕಿ. "ಹೇಳಬೇಕಾಗುತ್ತೆ ಅಂತ ಹೊಳೀಲೇ ಇಲ್ಲ. ಬ್ಯಾಟರಿ ಬೆನ್ನ ಮೇಲೆ ಬರ್ಚ್ ಎಲೆ ಅಂಟಿತ್ತು. ಸೊಪ್ಪಲ್ಲೂ ತಟ್ಟಿದ್ರಾ?"

"ಸೈಮಿ ತಟ್ಟಿದ್ದು."

ಉಕ್ಕಿಯ ಮೀಸೆ ಅಲುಗಿತು. ಹಿಲ್ಲಾಳಿಗೆ ನಗು ಬರಲಿಲ್ಲ.

"ಒಳಗೆ ಯಾಕೆ ತಂದಿಡ್ಲಿಲ್ಲ?"

'ಮರ್ತೆ' ಎಂಬುದು ನಾಲಗೆಯ ತುದಿಗೆ ಬಂತು. ಸೈಮಿಗೆ ಸಲೀಸಾಗಿ ಹೇಳಿದ್ದ ಮಾತು ಈಗ ಆಚೆಗೆ ಬರಲೊಲ್ಲದು.

"ತಂದ್ರೆ ದೀಪ ಹತ್ತಲ್ಲ," ಎಂದಳು ಕೊನೆಗೆ.

"ಯಾವ ದೀಪ?"

"ಕ್ಯಾರವಾನಲ್ಲಿ ನೀನು ಗಾಳ ಕಟ್ಟೋ ಜಾಗದ ಮೇಲಿದೆಯಲ್ಲ, ಪುಟ್ಟ ದೀಪ. ಸ್ಕೂಲಿಂದ ಬಂದು ಅಲ್ಲಿ ಕೂತ್ಕೋತಿದ್ದೆ. ಅಲ್ಲಿ ನಿನ್ನ ಕಾಫಿ ವಾಸನೆ ಬರುತ್ತೆ. ಏಲಕ್ಕಿ ಬನ್ನಿನ ವಾಸನೆನೂ. ಬರುವಾಗ ದೀಪ ಆರಿಸ್ತಿರ್ಲಿಲ್ಲ. ರೂಮಿನ ಕಿಟಕಿಯಿಂದ ನೋಡಿದ್ರೆ ನೀನು ಅಲ್ಲೇ ಕೂತಿರೋ ಥರ ಕಾಣ್ತಿತ್ತು." ಅವಳು ಟೊಪ್ಪಿಗೆಯನ್ನು ಕಿವಿಯ ಮೇಲೆ ಎಳೆದುಕೊಂಡಳು. "ಒಂದಿನ ಮಂಕಾಯ್ತು. ಆಮೇಲೆ ಆರೇಹೋಯ್ತು. ಯಾರಿಗೆ ಹೇಳ್ಬೇಕೋ ಗೊತ್ತಾಗ್ಲಿಲ್ಲ. ನೀನು ಕೇಳಿದಾಗೆಲ್ಲ ಚೆನ್ನಾಗಿದೆ ಅಂದುಬಿಟ್ಟೆ."

ಹಿಲ್ಲಾ ಅತ್ತಳು. ಮೂಗು ಸೋರುವ ಹಾಗೆ, ಸದ್ದು ಮಾಡಿಕೊಂಡೇ ಅತ್ತಳು. ಉಕ್ಕಿ ಅವಳ ಟೊಪ್ಪಿಗೆ ತೆಗೆದು ತಲೆ ನೇವರಿಸಿದ.

"ನಾನೂ ಚೆನ್ನಾಗಿದೀನಿ ಅಂದೆ," ಎಂದ ಆಮೇಲೆ. "ಗಾಯ ಕೀವಾಗಿತ್ತು. ಇನ್ನೊಂದ್ಸಲ ಕುಯ್ದರು."

ಹಿಲ್ಲಾ ತಲೆಯೆತ್ತಿದಳು. "ಕಾರಿಡಾರೆಲ್ಲ ಸುತ್ತಿ ಬಂದೆ ಅಂತಿದ್ದೆ?"

"ಸುತ್ತಿದ್ದು ನಿಜ. ಗಾಲಿಕುರ್ಚಿಲಿ. ಗಾಲಿಕುರ್ಚಿ ಅನ್ನೋದು ಹೇಳ್ಲಿಲ್ಲ, ಅಷ್ಟೇ. ನಿಂಗೆ ಹೇಳಬೇಡ ಅಂತ ಅಮ್ಮಂಗೂ ಅಂದಿದ್ದೆ."

"ಯಾಕೆ?"

"ನೀನು ಹೆದರ್ಕೊಂಡೀಯ ಅಂತ."

ಹಿಲ್ಲಾ ಮೂಗು ಒರೆಸಿಕೊಂಡಳು. ಎಲ್ಲಾ ಭಾನುವಾರಗಳ ಫೋನುಗಳೂ ಅವಳ ಕಿವಿಯಲ್ಲಿ ಇನ್ನೊಂದು ಸಲ ಬಂದು ಹೋದವು. ಒಬ್ಬರಿಗಿಂತ ಒಬ್ಬರು ಎಷ್ಟು ಚೆನ್ನಾಗಿದ್ದರು!

"ಬ್ಯಾಟರಿ ಇನ್ನು ಸರಿ ಹೋಗಲ್ವಾ?"

"ಇಲ್ಲ. ಒಡೆದಿದೆ. ಅದರ ಕತೆ ಮುಗೀತು."

"ಬೇಸಿಗೇಲಿ ನಾವು ಹೋಗಲ್ವಾ?"

"ಬ್ಯಾಟರಿ ಬೇರೆ ತರಬಹುದು." ಉಕ್ಕಿ ಸೊಂಟ ಮುಟ್ಟಿಕೊಂಡ. "ಇದಕ್ಕೆ ಏನಾಗುತ್ತೋ ನನಗೆ ಗೊತ್ತಿಲ್ಲ ಹಿಲ್ಲಾ. ನಿಜವಾಗ್ಲೂ ಗೊತ್ತಿಲ್ಲ."

ಹಿಲ್ಲಾಳಿಗೆ ಬೇಜಾರಾಯಿತು. ಆದರೆ ಫೋನಿಟ್ಟ ಮೇಲೆ ಪ್ರತಿ ಸಲ ಅನಿಸುತ್ತಿದ್ದ ಹಾಗೆ, ಏನನ್ನೋ ಬಚ್ಚಿಟ್ಟಿದ್ದೇನೆ ಎಂದು ಈಗ ಅನಿಸಲಿಲ್ಲ.

ಅಮ್ಮ ಒಲೆಗೆ ಮತ್ತೆ ಸೌದೆ ಹಾಕಿ, "ಡಾಕ್ಟರು ಸ್ವಲ್ಪ ಹೊತ್ತು ಮಾತ್ರ ಅಂದಿದಾರೆ. ಬಿಸಿ ಜಾಸ್ತಿ ಮಾಡ್ಕೋಬೇಡಿ. ಇನ್ನು ನೆಂಟರ ಟವೆಲ್ ಮುಟ್ಟಿದ್ರೋ ನೋಡಿ!" ಎಂದು ಹೇಳಿ ಸಾಸೇಜ್ ಸುಡಲು ಹೋದಳು.

ಸೌನಾದೊಳಗೆ ಮೆಟ್ಟಿಲ ಹಾಗೆ ಮೂರು ಹಲಗೆಗಳು. ಮೇಲೆ ಹೋದಷ್ಟೂ ಬಿಸಿ ಹೆಚ್ಚು. ಉಕ್ಕಿಯ ಜಾಗ ಯಾವಾಗಲೂ ಎಲ್ಲಕ್ಕಿಂತ ಮೇಲೆ, ಅವನ ಪಕ್ಕದ್ದು ಹಿಲ್ಲಾಳದು. ಉಕ್ಕಿ ಇಂದು ಮೇಲಿನ ಹಲಗೆಯನ್ನು ಒಮ್ಮೆ ನೋಡಿ, ಗೋಡೆ ಹಿಡಿದು, ನಿಧಾನವಾಗಿ ಎಲ್ಲಕ್ಕಿಂತ ಕೆಳಗಿನದರಲ್ಲಿ ಕೂತ. ಅದು ಚಿಕ್ಕ ಮಕ್ಕಳು ಕೂರುವ ಜಾಗ. ಹಿಲ್ಲಾ ಅಲ್ಲೇ ಅವನ ಪಕ್ಕದಲ್ಲಿ ಕೂತಳು.

ಕಲ್ಲಿನ ಮೇಲೆ ಅರ್ಧ ಸೌಟು ನೀರು ಹಾಕಿದಳು. ಹಬೆ ಮೆಲ್ಲಗೆ ಎದ್ದು ಬೆನ್ನ ಮೇಲೆ ಹರಿಯಿತು.

"ಹೇಗಿದೆ?"

"ಚೆನ್ನಾಗಿದೆ," ಎಂದ ಉಕ್ಕಿ.

ಹಿಲ್ಲಾ ಸೌಟನ್ನು ಬಕೆಟ್ಟಿಗೆ ಹಾಕದೆ ಹಾಗೇ ಹಿಡಿದುಕೊಂಡು ಅವನ ಮುಖ ನೋಡುತ್ತಾ ಕಾದಳು.

ಉಕ್ಕಿ ಒಂದು ಕಣ್ಣು ತೆರೆದ. "ನೋಯ್ತಿದೆ," ಎಂದ. "ಇನ್ನೂ ಬಿಸಿ ಬೇಕು ಅನ್ನಿಸುತ್ತೆ, ಆದರೆ ಇವತ್ತು ತಡ್ಕೊಳಕ್ಕಾಗಲ್ಲ."

"ಸರಿ."

ಹಿಲ್ಲಾ ಸೌಟನ್ನು ಕೆಳಗಿಟ್ಟಳು. ಪುಟ್ಟ ಕಿಟಕಿಯಾಚೆ ಅಂಗಳದ ಮೂಲೆಯಲ್ಲಿ ಕ್ಯಾರವಾನ್ ಕಾಣುತ್ತಿತ್ತು. ಅದರ ಕಿಟಕಿ ಪೂರ್ತಿ ಕತ್ತಲಾಗಿತ್ತು. ಹಿಲ್ಲಾ ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಇನ್ನಷ್ಟು ಹತ್ತಿರ ಸರಿದು, ನೋವಿಲ್ಲದ ಕಡೆಯ ಪಕ್ಕೆಗೆ ಒರಗಿ ಕೂತಳು.