ಚೌಕಟ್ಟಿನ ಮೇಲಿನ ಗೆರೆ

“ಮನೆ ನೋಡಿ, ಹತ್ತು ದಿನ ಇರಿ, ಹಿಡಿಸಿದ್ರೆ ಇಲ್ಲೇ ಉಳ್ಕೊಳ್ಳಿ. ಒಳಗೆ ಏನನ್ನೂ ಅಳೀಬೇಡಿ. ಅಷ್ಟೇ ನಾನು ಹೇಳೋದು,” ಎಂದಳು ಆ ಖಾಲಿ ಮನೆಯ ಕೀಲಿ ಕಾಯುತ್ತಿದ್ದ ಕೀಲಿಯಜ್ಜಿ.

ಬಡಗಿ ಜೋರಾಗಿ ನಕ್ಕ. “ಬಡಗೀನ ಮನೆಯೊಳಗೆ ಬಿಟ್ಕೊಂಡು ಅಳೀಬೇಡ ಅಂದ್ರೆ ಹೇಗಜ್ಜಿ? ಕ್ಷೌರದೋನ್ನ ಕರ್ಸಿ ಕೂದಲು ಮುಟ್ಟಬೇಡ ಅಂದಹಾಗಾಯ್ತು.”

“ಕಣ್ಣಳತೆ ಸಾಕು. ಈ ಬೀದೀಲಿ ದರ್ಜಿ ಕೂಡ ಕಣ್ಣಳತೇಲೇ ಹೊಲಿಯೋದು.”

“ಅದಕ್ಕೇ ನಿಮ್ಮ ರವಿಕೆ ತೋಳು ಒಂದು ಗಿಡ್ಡ, ಒಂದು ಉದ್ದ.”

ಹೆಂಡತಿ ಅವನ ತೋಳು ಚಿವುಟಿದಳು. ಅಜ್ಜಿ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಕೀಲಿಯನ್ನು ಅವನ ಕೈಗೆ ಕೊಡದೆ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಹೊರಡುವಾಗ ಮಗುವಿನ ಕಡೆ ಒಮ್ಮೆ ನೋಡಿದವಳು ತಟ್ಟನೆ ಕಣ್ಣು ಮುಚ್ಚಿಕೊಂಡಳು, ತಲೆಯಿಂದ ಕಾಲಿನವರೆಗೆ ನೋಡುವುದೂ ತಪ್ಪೇನೋ ಎಂಬಂತೆ.

ಅವರು ಆ ಮನೆಗೆ ಬಂದದ್ದು ಮಗುವಿನ ಉಸಿರಿಗಾಗಿ. ನಾಲ್ಕು ವರ್ಷದ ಬಟಾಣಿ ಮಹಾನಗರದ ಒಂದೇ ಕೋಣೆಯ ಬಾಡಿಗೆ ಮನೆಗಳಲ್ಲಿ ಹುಟ್ಟಿ, ಅಲ್ಲಿಯ ಹೊಗೆ ಕುಡಿದು ಬೆಳೆದಿದ್ದಳು. ಮಲಗಿದರೆ ಅವಳ ಎದೆಯಲ್ಲಿ ತುಕ್ಕು ಹಿಡಿದ ತಿರುಗಣಿ ತಿರುಗುವ ಸದ್ದು. ಮುಂದಿನ ಚಳಿಗಾಲಕ್ಕೆ ಮೊದಲು ಈ ಊರು ಬಿಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಹೆಂಡತಿ ಮುದ್ರಣಾಲಯಕ್ಕೆ ಕರಡು ತಿದ್ದುವವಳು. ತಪ್ಪು ಹುಡುಕದೆ ಅವಳಿಗೆ ತಿಂದ ಅನ್ನ ಜೀರ್ಣವಾಗದು ಎಂದು ಬಡಗಿ ರೇಗಿಸುತ್ತಿದ್ದ. ನಾಲ್ಕು ಊರುಗಳ ಪಟ್ಟಿ ಮಾಡಿ, ಒಂದೊಂದನ್ನೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದಳು. ಕಡಲತೀರದ ಊರಿನಲ್ಲಿ ಅವನ ಉಳಿ ಗರಗಸಗಳೆಲ್ಲ ತುಕ್ಕು ಹಿಡಿಯುತ್ತವೆ. ಬೆಟ್ಟದ ಊರಿನಲ್ಲಿ ಶಾಲೆಯಿಲ್ಲ. ಮೂರನೆಯದರಲ್ಲಿ ಅವಳ ಅಕ್ಕನಿದ್ದಾಳೆ. ಆ ತಪ್ಪನ್ನು ತಿದ್ದಲು ಯಾವ ಶಾಯಿಯೂ ಸಾಲದು. ಉಳಿದದ್ದು ಇದು. ಬೀದಿಯ ತುದಿಯಲ್ಲೇ ಶಾಲೆ, ಹಿಂದೆ ಮರಗೆಲಸಕ್ಕೆ ಕೊಟ್ಟಿಗೆಯಂಥ ಜಾಗ, ಮೂಗಿಗೆ ಏನೂ ಅಡರದ ಗಾಳಿ.

ಮೊದಲ ದಿನವೇ ಬಡಗಿ ಟೇಪು ಬಿಚ್ಚಿದ. ಕೋಣೆಗಳನ್ನು ಅಳೆದ. ಗೋಡೆಗಳನ್ನು ಅಳೆದ. ಟೇಪು ಸರ್ರನೆ ಒಳಸೇರುವ ಸದ್ದು ಖಾಲಿ ಮನೆಯಲ್ಲಿ ಸ್ವಲ್ಪ ಹೆಚ್ಚೇ ಹೊತ್ತು ಉಳಿಯಿತು. ಆಮೇಲೆ ಬಟಾಣಿಯನ್ನು ಕರೆದು ನಡುಕೋಣೆಯ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲಿಸಿದ. ಈ ಸಂಸಾರದಲ್ಲಿ ಅದೊಂದು ಪದ್ಧತಿ. ಬಾಡಿಗೆ ಮನೆ ಎಷ್ಟು ಸಲ ಬದಲಾದರೂ ಮಗುವಿನ ಎತ್ತರದ ಗೆರೆ ಎಳೆದ ಮೇಲೇ ಅದು ತಮ್ಮ ಮನೆ.

“ಅಜ್ಜಿ ಅಷ್ಟು ಹೇಳಿದ್ರಲ್ರೀ. ಇವತ್ತೊಂದಿನ ಬಿಡಿ,” ಎಂದಳು ಹೆಂಡತಿ.

“ಅಜ್ಜಿ ಮಾತು ಕೇಳಿದ್ರೆ ನಿನ್ನ ಅಡುಗೆಮನೆ ಕಪಾಟು ಸೊಟ್ಟಗಾಗತ್ತೆ. ಪರವಾಗಿಲ್ವಾ?” ಎಂದು ಮಗುವಿನ ನೆತ್ತಿಯ ಮೇಲೆ ಮರದ ಮೂಲೆ ನೇರ ನೋಡುವ ಮೂಲೆಮಟ್ಟವಿಟ್ಟು, ಕಿವಿಗೆ ಸಿಕ್ಕಿಸಿದ್ದ ಚಪ್ಪಟೆ ಪೆನ್ಸಿಲಿನಿಂದ ಗೆರೆ ಎಳೆದ. ಮೂರು ಅಡಿ ಎರಡು ಅಂಗುಲ. ಬಣ್ಣದ ಪದರದಡಿ ಅಲ್ಲೇ, ಸ್ವಲ್ಪ ಮೇಲೆ, ಇನ್ನೊಂದು ಹಳೆಯ ಗೆರೆಯಿತ್ತು. ಯಾರೋ ನಮ್ಮಂಥವರೇ ಇದ್ದರು ಎಂದು ಅವನಿಗೆ ಖುಷಿಯೇ ಆಯಿತು. ಮರದಿಂದ ಸಣ್ಣಗೆ ವಾಸನೆ ಬಂತು. ಹಸಿ ಕೂದಲನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ತೆರೆದಂಥ ವಾಸನೆ.

ಎರಡನೇ ದಿನ ಬಟಾಣಿ ಬೀದಿಯ ತುದಿಯವರೆಗೆ ಓಡಿ, ಶಾಲೆಯ ಗೇಟು ಮುಟ್ಟಿ ಓಡಿಬಂದಳು. ಎದೆಯಲ್ಲಿ ಸದ್ದಿರಲಿಲ್ಲ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಇದೇ ಊರು ಕಣ್ರೀ,” ಎಂದಳು.

ಮೂರನೇ ದಿನ ಮಗು ಬೀದಿಯ ನಡುವೆ ನಿಂತುಬಿಟ್ಟಿತು.

“ನಡಿಯಮ್ಮ.”

“ಮುಂದೆ ಗೋಡೆ ಇದೆ ಅಪ್ಪ.”

“ಎಲ್ಲಿದೆ? ನಂಗೆ ಕಾಣ್ತಿಲ್ಲ.”

“ನಂಗೂ ಕಾಣ್ತಿಲ್ಲ. ಇದೆ.”

ಆಟ ಎಂದುಕೊಂಡ. ಅವಳು ನಿಂತಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ಮನೆಯಿಂದ ಟೇಪು ಹಿಡಿದ. ನೂರ ಅರವತ್ತು ಅಡಿ. “ನಿನ್ನ ಗೋಡೆ ಇರೋದು ನೂರ ಅರವತ್ತಡಿ ದೂರದಲ್ಲಿ, ಮೇಡಂ,” ಎಂದು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದ. ಮಗು ನಗಲಿಲ್ಲ. ಮಾರನೇ ದಿನ ಗೋಡೆ ಎಪ್ಪತ್ತು ಅಡಿಗೆ ಬಂದಿತ್ತು. ಅದನ್ನೂ ಅಳೆದ, ಬರೆದ. ಅದರ ಮಾರನೇ ದಿನ ಅಂಗಳದ ಗೇಟಿನಲ್ಲಿ ಬಟಾಣಿ ಅಮ್ಮನ ಹಿಂದೆ ಓಡಿದವಳು ಟಕ್ಕೆಂದು ಹಿಂದಕ್ಕೆ ಬಿದ್ದಳು. ಗೇಟು ತೆರೆದಿತ್ತು. ಎದುರಿಗೆ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಮಗುವಿನ ಹಣೆಯ ಮೇಲೆ ನಿಂಬೆಕಾಯಿ ಗಾತ್ರದ ಬೋರೆ ಎದ್ದಿತು.

ಬಡಗಿ ಖಾಲಿ ಜಾಗದಲ್ಲಿ ಕೈಯಾಡಿಸಿದ. ಬರೀ ಗಾಳಿ. ಮಗುವಿನ ಅಂಗೈಯನ್ನು ಹಿಡಿದು ಅದೇ ಜಾಗಕ್ಕೆ ಒತ್ತಿದ. ಎಳೆಯ ಅಂಗೈ ಚಪ್ಪಟೆಯಾಗಿ, ಬೆಳ್ಳಗಾಗಿ, ಗಾಜಿಗೆ ಒತ್ತಿದಂತೆ ನಿಂತಿತು. ಅವನ ಕೈ ತನ್ನ ಪಾಡಿಗೆ ತಾನು ಸೊಂಟದ ಟೇಪಿಗೆ ಹೋಯಿತು. ಅರ್ಥವಾಗದ್ದು ಎದುರಾದರೆ ಮೊದಲು ಅಳೆಯಬೇಕು. ಮರಗೆಲಸದ ಹದಿನೆಂಟು ವರ್ಷ ಅವನು ಬದುಕಿದ್ದೇ ಹಾಗೆ. ಇಪ್ಪತ್ತೆರಡು ಅಡಿ.

ಆರನೇ ದಿನ ಮಗುವಿಗೆ ಹೊಸ್ತಿಲು ದಾಟಲಾಗಲಿಲ್ಲ. ಬಡಗಿ ಅವಳನ್ನು ಎದೆಗವಚಿಕೊಂಡು ಬಾಗಿಲಿನತ್ತ ಓಡಿದ. ತಾನು ಹೊರಗೆ ಬಿದ್ದ. ಮಗು ಅವನ ತೋಳಿನಿಂದ ಕಳಚಿ ಒಳಗೇ ಬಿತ್ತು. ಕಿಟಕಿಯಲ್ಲೂ ಹಾಗೇ. ಹಿತ್ತಿಲಲ್ಲೂ ಹಾಗೇ. ಅಂದು ಬಟಾಣಿಯ ಎದೆಯ ತಿರುಗಣಿ ಮತ್ತೆ ತಿರುಗತೊಡಗಿತು.

ಏಳನೇ ದಿನ ಬೆಳಿಗ್ಗೆ ಅವನು ಮಗುವಿನ ಸುತ್ತ ಉಳಿದ ಜಾಗಕ್ಕೆ ಟೇಪು ಹಿಡಿದು ಕೂತಿದ್ದಾಗ ಹೆಂಡತಿ ನೋಟ್‌ಬುಕ್ಕನ್ನು ಕೈಗೆತ್ತಿಕೊಂಡಳು. ಕರಡು ನೋಡುವ ಕಣ್ಣು ಅಂಕಿಗಳ ಮೇಲೆ ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಹರಿಯಿತು.

“ರೀ. ಟೇಪು ಕೆಳಗಿಡಿ.”

“ಒಂದ್ನಿಮಿಷ ಇರೇ. ಎಷ್ಟಿದೆ ಅಂತ ಗೊತ್ತಾದ್ರೆ...”

“ಗೊತ್ತಾದಾಗೆಲ್ಲ ಕಮ್ಮಿ ಆಗಿದೆ! ನಿನ್ನೆ ಮಧ್ಯಾಹ್ನ ಎರಡು ಸಲ ಅಳೆದಿದೀರ, ಎರಡು ಸಲ ಒಳಗೆ ಬಂದಿದೆ. ದಿನ ಹೋದಹಾಗೆ ಅಲ್ಲ ಇದು ಕಮ್ಮಿ ಆಗ್ತಿರೋದು. ನೀವು ಅಳೆದಹಾಗೆ.”

ಟೇಪು ಅವನ ಕೈಯಿಂದ ಜಾರಿ ಸರ್ರನೆ ಒಳಸೇರಿತು. ಗೋಡೆಗಳೊಳಗೆ ಎಲ್ಲೋ ಅದೇ ಸದ್ದು, ನಿಧಾನವಾಗಿ, ಇನ್ನೊಮ್ಮೆ ಕೇಳಿಸಿತು.

ಕೀಲಿಯಜ್ಜಿ ತಾನಾಗಿಯೇ ಬಂದಳು. ಹೊಸ್ತಿಲ ಹೊರಗೇ ನಿಂತಳು. ಚೌಕಟ್ಟಿನ ಗೆರೆ ನೋಡಿದಳು. ಬೈಯಲಿಲ್ಲ.

“ಈ ಮನೆ ಕಟ್ಟಿಸಿದವಳಿಗೆ ಒಬ್ಬನೇ ಮಗ,” ಎಂದಳು. “ಹೆಂಡತಿ ಮಕ್ಕಳ ಜೊತೆ ಊರು ಬಿಡ್ತೀನಿ ಅಂತ ಗಾಡಿ ತರಿಸಿದ. ತಾಯಿ ಅವನು ಮಲಗಿದ್ದಾಗ ತಲೆಯಿಂದ ಕಾಲಿಗೆ ದಾರ ಹಿಡಿದು ಅಳೆದ್ಲು. ದಾರಾನ ಮಾಟದೋನಿಗೆ ಕೊಟ್ಲು. ಅವನು ಅದಕ್ಕೆ ಏನೇನೋ ಕಟ್ಟಿ, ಏನೇನೋ ಸುರಿದು ಆ ಚೌಕಟ್ಟೊಳಗೆ ಹಾಕಿ ಮುಚ್ಚಿದ. ಮಗ ಊರು ಬಿಡಲಿಲ್ಲ. ಆಮೇಲೆ ಕೋಣೆ ಬಿಡಲಿಲ್ಲ. ಆಮೇಲೆ...” ಅಜ್ಜಿ ಎರಡೂ ಅಂಗೈಗಳನ್ನು ಎದುರುಬದುರು ಹಿಡಿದು, ನಡುವಿನ ಜಾಗವನ್ನು ಮೆಲ್ಲಗೆ ಮುಚ್ಚಿದಳು.

“ಇಷ್ಟು ಗೊತ್ತಿದ್ದೂ ಕೀಲಿ ಕೊಟ್ರಾ?” ಎಂದಳು ಹೆಂಡತಿ.

“ನಾನು ಕೊಡದಿದ್ರೆ ಮನೆ ಮಾಲೀಕರು ಇನ್ನೊಬ್ಬರ ಕೈಲಿ ಕೊಡಿಸ್ತಾರೆ. ಆ ಇನ್ನೊಬ್ಬರು ಅಳೀಬೇಡಿ ಅಂತಾನೂ ಹೇಳಲ್ಲ.”

ಬಡಗಿ ಕೇಳುತ್ತ ನಿಲ್ಲಲಿಲ್ಲ. ಗರಗಸ ತಂದು ಚೌಕಟ್ಟಿಗೆ ಹಾಕಿದ. ಒಂದು ಎಳೆತ. ಎರಡು. ಮೂರನೆಯದಕ್ಕೆ ಬಟಾಣಿ ಕಿಟಾರನೆ ಕಿರುಚಿ ಸೊಂಟ ಹಿಡಿದುಕೊಂಡಳು. ಅವನು ಗರಗಸ ಎಸೆದ. ಸೀಳಿನೊಳಗೆ ಕಪ್ಪು ದಾರದ ಎಳೆಯೊಂದು ಒದ್ದೆಯಾಗಿ ಮಿನುಗುತ್ತಿತ್ತು. ವಾಸನೆ ಕೋಣೆಯ ತುಂಬ ಹರಡಿತು. ದಾರ ಸಣ್ಣಗೆ ಮಿಡಿಯುತ್ತಿತ್ತು, ಮಗು ಉಸಿರಾಡಿದ ಹಾಗೇ.

“ಗೆರೆ ಅಳಿಸಿದ್ರೂ ಹಾಗೇ,” ಎಂದಳು ಅಜ್ಜಿ. “ಒಮ್ಮೆ ಎಳೆದ ಗೆರೆ ಖಾಲಿ ಇರಬಾರದು. ಮಗು ಹೊರಗೆ ಬರಬೇಕಾದ್ರೆ ಆ ಗೆರೆ ಕೆಳಗೆ ಇನ್ನೊಬ್ಬರು ನಿಲ್ಲಬೇಕು. ಅಷ್ಟೇ ಎತ್ತರದೋರು. ಎಳೆಯಷ್ಟೂ ಹೆಚ್ಚು ಕಮ್ಮಿ ಆಗದೆ.”

ಹೊರಗೆ ಶಾಲೆ ಬಿಟ್ಟ ಗಂಟೆ ಹೊಡೆಯಿತು. ಬೀದಿಯ ತುಂಬ ಪುಟ್ಟ ಪುಟ್ಟ ತಲೆಗಳು ಗೇಟಿನ ಸರಳುಗಳಾಚೆ ಹಾದುಹೋದವು. ಮೂರಡಿಯವು. ಮೂರಡಿ ಚಿಲ್ಲರೆಯವು. ಬಡಗಿಯ ಕಣ್ಣು ಅವುಗಳ ಮೇಲೆ ನಿಂತಿತು. ಕಣ್ಣಳತೆ ಅವನಿಗೂ ಬರುತ್ತಿತ್ತು. ನೀಲಿ ಚೀಲದ ಆ ಹುಡುಗಿ ಸರಿಯಾಗಿ ಮೂರು ಅಡಿ ಎರಡು ಅಂಗುಲ. ಒಂದು ಬೊಂಬೆ ತೋರಿಸಿದರೆ ಒಳಗೆ ಬಂದಾಳು.

“ಮೊದಲು ಇದ್ದೋರೂ ಹೀಗೇ ನೋಡಿದ್ರು,” ಎಂದಳು ಅಜ್ಜಿ ಅವನ ಕಣ್ಣನ್ನೇ ನೋಡುತ್ತ. “ಅವರ ಮಗು ಬಿಡಿಸ್ಕೊಂಡು ಹೋದ್ರು. ಮೇಲಿನ ಗೆರೆ ಕೆಳಗೆ ಇರೋನು ನನ್ನ ಮೊಮ್ಮಗ.”

ಬಡಗಿ ಎದ್ದುಹೋಗಿ ಬೀದಿಯ ಕಡೆಯ ಕಿಟಕಿ ಮುಚ್ಚಿದ.

ಸಂಜೆ ನಾಲ್ಕರ ಹೊತ್ತಿಗೆ ಬಟಾಣಿ ಕೈ ಚಾಚಲು ಆಗದೆ ನಿಂತಲ್ಲೇ ನಿಂತಿದ್ದಳು. ಮೊಣಕೈಗಳು ಪಕ್ಕೆಗೆ ಒತ್ತಿದ್ದವು. ಕೆನ್ನೆ ಒಂದು ಕಡೆ ಚಪ್ಪಟೆಯಾಗಿತ್ತು. “ಅಪ್ಪ, ಉಸಿರು ತಗೊಳ್ಳೋಕೆ ಜಾಗ ಇಲ್ಲ,” ಎಂದಳು. ಅಳಲೂ ಜಾಗ ಬೇಕು.

ಬಡಗಿ ಚೌಕಟ್ಟಿಗೆ ಬೆನ್ನು ಕೊಟ್ಟು ಕುಕ್ಕರುಗಾಲಿನಲ್ಲಿ ಕೂತ.

“ಬೇಡ,” ಎಂದಳು ಹೆಂಡತಿ. “ನಾನು ಕೂರ್ತೀನಿ.”

“ನಿನ್ನ ಬೆನ್ನು ಉದ್ದ. ನನ್ನದು ಗಿಡ್ಡ ಬೆನ್ನು, ಕುಳ್ಳ ಅಂತ ಮದುವೆ ದಿನದಿಂದ ಆಡ್ಕೊಂಡು ನಗ್ತಿಲ್ವಾ?” ನಗಲು ನೋಡಿದ. ಆಗಲಿಲ್ಲ. “ಮೂಲೆಮಟ್ಟ ತಗೋ. ನೆತ್ತಿ ಮೇಲೆ ಇಡು. ತಪ್ಪು ಹುಡುಕೋದ್ರಲ್ಲಿ ನಿನ್ನ ಬಿಟ್ರೆ ಇನ್ಯಾರಿದಾರೆ? ಸರಿಯಾಗಿ ನೋಡೇ.”

“ಮೇಲಿದೆ. ಒಂದು ಬೆರಳು.”

ತಗ್ಗಿದ.

“ಇನ್ನೂ. ಇನ್ನೂ ಸ್ವಲ್ಪ.” ಬಿಸಿ ಹನಿಗಳು ಅವನ ನೆತ್ತಿಯ ಮೇಲೆ ಬಿದ್ದವು. “ಕತ್ತು ಎಡಕ್ಕೆ. ಹಾಂ. ಅಲ್ಲಾಡಬೇಡಿ.”

“ಸರಿಗಿದೆಯಾ?”

ಅವಳು ಮೂಲೆಮಟ್ಟವನ್ನು ಇನ್ನೊಮ್ಮೆ ಒತ್ತಿ ನೋಡಿದಳು. “ಸರಿ ಇದೆ,” ಎಂದಳು.

“ಎಳಿ.”

ಪೆನ್ಸಿಲು ಮರದ ಮೇಲೆ ಗೀರಿದ ಸದ್ದು ಅವನ ತಲೆಬುರುಡೆಯೊಳಗೆ ಕೇಳಿಸಿತು. ಎದುರಿಗೆ ಬಟಾಣಿಯ ತೋಳು ಚಿಮ್ಮಿ ಬಿಚ್ಚಿಕೊಂಡಿತು. ಅವಳು ದೊಡ್ಡದೊಂದು ಉಸಿರು ಎಳೆದಳು. ಅದೇ ಕ್ಷಣ ತಣ್ಣಗಿನದೇನೋ ಅವನ ಭುಜಕ್ಕೆ ಬಂದು ಒರಗಿತು. ಮಂಡಿಗೆ. ಮೂಗಿನ ತುದಿಗೆ. ಮೇಲೆ, ನೆತ್ತಿಗೆ. ಏಳಲು ನೋಡಿದ. ಮೂರು ಅಡಿ ಎರಡು ಅಂಗುಲದ ಮೇಲೆ ಲೋಕವೇ ಇರಲಿಲ್ಲ.

“ಕರ್ಕೊಂಡು ಹೋಗು. ಈಗಲೇ. ನಿಮ್ಮಕ್ಕನ ಊರಿಗಾದ್ರೂ ಹೋಗು.”

“ಬಿಡಿಸೋ ದಾರಿ ಹುಡುಕ್ತೀನಿ. ದಿನಾ ಬರ್ತೀನಿ, ಹೊಸ್ತಿಲಾಚೆ ಕೂತು...”

“ಬಾ. ಆದ್ರೆ ಎಷ್ಟು ದೂರದಿಂದ ಬಂದೆ ಅಂತ ಮಾತ್ರ ಹೇಳಬೇಡ. ಯಾವುದನ್ನೂ ಎಷ್ಟು ಅಂತ ಹೇಳಬೇಡ.”

ಅವಳು ಮಗುವನ್ನು ಎತ್ತಿಕೊಳ್ಳಹೋದಳು. ಬಟಾಣಿ ಕೊಸರಿಕೊಂಡು ತಾನೇ ಹೊಸ್ತಿಲು ದಾಟಿದಳು. ಅಂಗಳದ ಜಲ್ಲಿಕಲ್ಲಿನ ಮೇಲೆ ಪುಟ್ಟ ಚಪ್ಪಲಿಯ ಸದ್ದು. ಚರಕ್. ಚರಕ್. ಯಾವ ಗೋಡೆಯೂ ಅವಳನ್ನು ತಡೆಯಲಿಲ್ಲ.

ಒಂದು, ಎಂದಿತು ಅವನ ಮನಸ್ಸು. ಎರಡು.

ಕೂಡದು. ಎಣಿಸುವುದೂ ಅಳತೆಯೇ. ಭುಜದ ಮೇಲಿನ ತಣ್ಣಗಿನದು ಒಂದು ಎಳೆಯಷ್ಟು ಬಿಗಿಯಿತು. ಕಿವಿ ಮುಚ್ಚಿಕೊಳ್ಳಲು ಕೈ ಎತ್ತಿದ. ಕೈ ಎತ್ತಲು ಜಾಗವಿರಲಿಲ್ಲ.

ಐದು. ಆರು.

ಕಣ್ಣು ಮುಚ್ಚಿದ. ಕತ್ತಲಲ್ಲಿ ಸದ್ದು ಇನ್ನೂ ಸ್ಪಷ್ಟ. ಪಕ್ಕೆಲುಬು ಒಳಕ್ಕೆ ಒತ್ತಿತು. ಬೇರೆ ಏನಾದರೂ ನೆನೆಸಿಕೋ. ಅವಳ ಮುಖ. ಬೀದಿಯ ಗಾಳಿ. ಗೇಟಿನ ಅಗುಳಿ ಸರಿದ ಸದ್ದು. ಹನ್ನೊಂದು. ಹನ್ನೆರಡು. ಉಸಿರು ಸಣ್ಣಗಾಯಿತು. ಎಣಿಸದಿದ್ದರೆ ಅವಳು ಎಲ್ಲಿದ್ದಾಳೆ ಎಂದು ಗೊತ್ತಾಗದು. ಎಣಿಸಿದರೆ ಅವಳು ಹೋಗುತ್ತಿದ್ದಾಳೆ. ಒಂದೊಂದು ಅಂಕಿಗೂ ಒಂದೊಂದು ಹೆಜ್ಜೆ ದೂರ.

ಬೀದಿಯಲ್ಲಿ ಮಗು ಓಡತೊಡಗಿತು.

ಇಪ್ಪತ್ತೆರಡು, ಎಂದ ಬಡಗಿ, ಈ ಸಲ ತಾನಾಗಿಯೇ. ಇಪ್ಪತ್ತಮೂರು. ಇಪ್ಪತ್ತನಾಲ್ಕು.