ಒಂಬತ್ತನೇ ಪ್ರಶ್ನೆಗೆ ಎರಡೇ ಅಂಕ

"ಕೈ ತೆಗೀರಿ!"

ಆ ದನಿಗೆ ಇಡೀ ವಾರ್ಡೇ ತಿರುಗಿ ನೋಡಿತು. ಹನ್ನೆರಡು ಮಂಚದ ಮೇಲಿನ ರೋಗಿಗಳು, ಅವರ ಜೊತೆ ಬಂದ ಸಂಬಂಧಿಕರು, ನೆಲ ಒರೆಸುತ್ತಿದ್ದ ಆಯಾ... ಎಲ್ಲರ ಕಣ್ಣೂ ಶಶಿರೇಖಾಳ ಮೇಲೆ!

ಬಳ್ಳಾರಿಯ ಆ ಖಾಸಗಿ ಆಸ್ಪತ್ರೆಯಲ್ಲಿ ಅವಳಿಗೆ ಅದು ನರ್ಸ್ ಕೆಲಸದ ಮೊದಲನೇ ದಿನ. ಯೂನಿಫಾರ್ಮಿನ ಇಸ್ತ್ರಿ ಇನ್ನೂ ಮುರಿದಿರಲಿಲ್ಲ. ಮುಂದೆ ಇದ್ದದ್ದು ಡ್ರಿಪ್ ಹರಿಸುವ ಮಷೀನು. ಕಾಲೇಜಿನಲ್ಲಿ ಅದರ ಚಿತ್ರವನ್ನಷ್ಟೇ ನೋಡಿದ್ದಳು. ಯಾವುದೋ ಗುಂಡಿ ಒತ್ತಿದ್ದಕ್ಕೆ ಅದು ಒಂದೇ ಸಮನೆ ಕೂಗಿಕೊಳ್ಳುತ್ತಿತ್ತು.

ಗದರಿದವನು ಹುಲಿಗೇಶ್, ಆ ವಾರ್ಡಿನ ಇನ್‌ಚಾರ್ಜ್ ನರ್ಸ್. ಕುರುಗೋಡಿನವನು. ಬಂದವನೇ ಎರಡು ಗುಂಡಿ ಒತ್ತಿದ. ಮಷೀನು ಸುಮ್ಮನಾಯಿತು.

"ಈ ಮಷೀನು ಗೊತ್ತೈತೇನ್ರಿ ನಿಮಗ?"

"ಗೊತ್ತೈತಿ."

"ಗೊತ್ತಿಲ್ಲಂದ್ರ ಕೇಳಬೇಕ್ರಿ. ಕೇಳಿದ್ರ ಯಾರೂ ನಿಮ್ಮ ತಲಿ ತಗಿಯಂಗಿಲ್ಲ."

'ಎಷ್ಟು ಸೊಕ್ಕು ಇವನಿಗೆ!' ಶಶಿರೇಖಾಳ ಕಿವಿ ಬಿಸಿಯಾಯಿತು.

ಆದರೆ ಅವನಿಗೇನು ಗೊತ್ತು? ಅವಳು ಓದಿದ ನರ್ಸಿಂಗ್ ಕಾಲೇಜಿನಲ್ಲಿ ಕೇಳಿದವರ ತಲೆಯನ್ನೇ ತೆಗೆಯುತ್ತಿದ್ದರು! 'ಇಷ್ಟೂ ಗೊತ್ತಿಲ್ಲವಾ? ಯಾವ ಊರಿಂದ ಬಂದೆ?' ಎಂದು ನಲವತ್ತು ಹುಡುಗಿಯರ ಮುಂದೆ ಎದ್ದು ನಿಲ್ಲಿಸುತ್ತಿದ್ದರು. ಸಿರಿಗೇರಿಯ ಸರ್ಕಾರಿ ಶಾಲೆಯಿಂದ ಬಂದ ಹುಡುಗಿ ಎರಡು ಸಲ ಹಾಗೆ ನಿಂತಳು. ಮೂರನೇ ಸಲ ಕೇಳಲಿಲ್ಲ. ಗೊತ್ತಿಲ್ಲದ್ದನ್ನು ರಾತ್ರಿ ಪುಸ್ತಕದಲ್ಲಿ ಹುಡುಕಿಕೊಂಡಳು, ಪುಸ್ತಕದಲ್ಲಿ ಇಲ್ಲದ್ದನ್ನು ಗೊತ್ತಿದ್ದವಳಂತೆ ಮಾಡಿದಳು. ಹಾಗೆ ಮಾಡಿಯೇ ಕಾಲೇಜಿಗೆ ಎರಡನೆಯವಳಾಗಿ ಪಾಸಾದಳು. ಇಂಥ ಪಾಠ ಕಲಿಸಿದವರಿಗೆ ಏನನ್ನಬೇಕೋ ನೀವೇ ಹೇಳಿ.

ಸೊಕ್ಕಿನ ಮನುಷ್ಯ ಅಷ್ಟೇನೂ ಕೆಟ್ಟವನಲ್ಲ ಎಂದು ಅವಳಿಗೆ ತಿಳಿಯಲು ಎರಡು ತಿಂಗಳು ಬೇಕಾಯಿತು.

ಒಮ್ಮೆ ರೋಗಿಯ ಕಡೆಯವನೊಬ್ಬ ಔಷಧಿ ತಡವಾಯಿತೆಂದು ಅವಳ ಮೇಲೆ ಬಾಯಿಗೆ ಬಂದಂತೆ ಕೂಗಾಡಿದ. ಹುಲಿಗೇಶ್ ನಡುವೆ ಬಂದು ನಿಂತ. "ಬೈಯೋದಿದ್ರ ನನ್ನ ಬೈರಿ. ವಾರ್ಡ್ ನಂದು." ಅಷ್ಟೇ ಹೇಳಿದ್ದು. ಆ ಮನುಷ್ಯ ಹೋದ ಮೇಲೆ ಅವಳ ಕಡೆ ನೋಡಲೂ ಇಲ್ಲ, ಕೆಲಸಕ್ಕೆ ಹೋದ.

ಆಸ್ಪತ್ರೆಯಲ್ಲಿ ಗಂಡು ನರ್ಸುಗಳನ್ನು ಎಲ್ಲರೂ 'ಬ್ರದರ್' ಎಂದೇ ಕರೆಯುವುದು. ಶಶಿರೇಖಾಳೂ ಹಾಗೇ ಕರೆಯುತ್ತಿದ್ದಳು. ಆ ದಿನದಿಂದ 'ಸರ್' ಎನ್ನತೊಡಗಿದಳು.

"ಯಾಕಲೇ, ಬ್ರದರ್ ಅನ್ನಾಕ ನಾಲಿಗಿ ತಿರುಗವಲ್ದೇನು?" ಜೊತೆಯ ನರ್ಸ್ ಅರುಣಾ ಕಣ್ಣು ಮಿಟುಕಿಸಿದಳು.

"ಸುಮ್ನಿರಲೇ!"

ಶನಿವಾರ ಡ್ಯೂಟಿ ಮುಗಿದರೆ ಅವನೇ ಬೈಕಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಡುತ್ತಿದ್ದ. ಸಿರಿಗೇರಿ ಬಸ್ಸು ಬರುವ ತನಕ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನುತ್ತ, ಅವಳ ಜರ್ಮನ್ ಪುಸ್ತಕ ಹಿಡಿದು ಒಂದೊಂದೇ ಪದದ ಅರ್ಥ ಕೇಳುತ್ತಿದ್ದ. ಅವನಿಗೆ ಒಂದಕ್ಷರವೂ ಬಾರದು. ಅವಳು ತಪ್ಪು ಹೇಳಿದರೂ "ಶಭಾಷ್!" ಎನ್ನುತ್ತಿದ್ದ.

ಹೌದು, ಜರ್ಮನಿ. ಅಲ್ಲಿನ ಆಸ್ಪತ್ರೆಯೊಂದು ಹೊರದೇಶದ ನರ್ಸುಗಳಿಗೆ ಒಂದು ವರ್ಷದ ಇಂಟರ್ನ್‌ಶಿಪ್ ಕೊಡುತ್ತಿತ್ತು. ಸಂಬಳ ಕೊಟ್ಟು ಕೆಲಸ ಕಲಿಸುತ್ತಾರೆ. ನಮ್ಮ ಕಡೆಯಿಂದ ಆರು ಜನಕ್ಕಷ್ಟೇ ಅವಕಾಶ. ಅವಳ ತಾಯಿ ಪಾರಮ್ಮ ಇಪ್ಪತ್ತು ವರ್ಷದಿಂದ ಸಿರುಗುಪ್ಪದ ಕಡೆ ಬೇರೆಯವರ ಗದ್ದೆಯ ಕೆಸರಿನಲ್ಲಿ ನಿಂತು ಭತ್ತ ನಾಟಿ ಮಾಡಿದವಳು. ಶಶಿರೇಖಾಳಿಗೆ ಈ ಒಂದು ಕೆಲಸ ಸಿಕ್ಕರೆ ಸಾಕಿತ್ತು, ಮುಂದಿನ ದಾರಿ ತಾನೇ ತೆರೆಯುತ್ತಿತ್ತು.

ಭಾಷೆಯ ಪರೀಕ್ಷೆ ಪಾಸಾಯಿತು. ಕಾಗದಗಳೆಲ್ಲ ಸೇರಿದವು. ಉಳಿದದ್ದು ಒಂದೇ. ವಾರ್ಡಿನ ಇನ್‌ಚಾರ್ಜ್ ತುಂಬಬೇಕಾದ ಫಾರ್ಮು. ಹನ್ನೆರಡು ಪ್ರಶ್ನೆ, ಪ್ರತಿಯೊಂದಕ್ಕೆ ಐದು ಅಂಕ.

ಲಕೋಟೆಯನ್ನು ಆಫೀಸಿಗೆ ಒಯ್ದವಳು ಅರುಣಾ. ಅದಕ್ಕೆ ಇನ್ನೂ ಅಂಟು ಹಚ್ಚಿರಲಿಲ್ಲ. ಇಣುಕಿ ನೋಡಿದವಳು ಅದನ್ನು ಹಿಡಿದೇ ಓಡಿ ಬಂದಳು.

"ಶಶಿ... ಒಂಬತ್ತನೇ ಪ್ರಶ್ನಿಗೆ ಎರಡು ಹಾಕ್ಯಾರಲೇ!"

'ಗೊತ್ತಿಲ್ಲದಿದ್ದಾಗ ಇತರರನ್ನು ಕೇಳುತ್ತಾರೆಯೇ?' ಅದು ಒಂಬತ್ತನೇ ಪ್ರಶ್ನೆ. ಕೆಳಗೆ ಹುಲಿಗೇಶನ ಅಕ್ಷರದಲ್ಲಿ ಒಂದು ಸಾಲು. ಕೆಲಸದಲ್ಲಿ ಬಹಳ ಚುರುಕು, ಆದರೆ ಅನುಮಾನ ಬಂದರೂ ಕೇಳುವುದಿಲ್ಲ.

ಶಶಿರೇಖಾ ಆ ಹಾಳೆ ಹಿಡಿದು ಡ್ರೆಸ್ಸಿಂಗ್ ರೂಮಿಗೆ ನುಗ್ಗಿದಳು.

"ಇದೇನ್ರಿ ಸರ್ ಇದು?"

ಹುಲಿಗೇಶ್ ಹತ್ತಿಯ ಡಬ್ಬಿ ಕೆಳಗಿಟ್ಟ. "ನೋಡಿದ್ರೇನು?"

"ನೋಡಬಾರದಿತ್ತೇನು? ನನಗ ತಿಳೀದಂಗ ಕಳಿಸಬೇಕಂತ ಮಾಡಿದ್ರೇನು?"

"ಉಳಿದಿದ್ದಕ್ಕೆಲ್ಲ ನಾಕು, ಐದು ಹಾಕೀನಲ್ರಿ."

"ಅವನ್ನ ಯಾರು ನೋಡ್ತಾರ? ಎರಡು ಅಂತ ಕಂಡ ಕೂಡಲೆ ಬದಿಗಿ ಒಗೀತಾರ! ಬ್ಯಾರೆ ವಾರ್ಡಿನಾಗ ಎಲ್ಲಾರಿಗೂ ಕಣ್ಣು ಮುಚ್ಚಿ ಐದು ಹಾಕ್ತಾರ!"

"ನಂಗ ಹಂಗ ಹಾಕಾಕ ಬರಲಿಲ್ಲ."

"ಸುಳ್ಳು! ನಾನು ಹೋಗಬಾರದು ನಿಮಗ! ಅದಕ್ಕ ಹಿಂಗ ಮಾಡೀರಿ! ಹೌದೋ, ಅಲ್ಲೋ?"

ಅವನು ಹತ್ತಿಯ ಡಬ್ಬಿಯನ್ನು ಮತ್ತೆ ಕೈಗೆತ್ತಿಕೊಂಡ. ಮುಖ ಬೇರೆ ಕಡೆ ತಿರುಗಿಸಿದ.

ಅಯ್ಯೋ! ಅವನು 'ಅಲ್ಲ' ಎಂದು ಕೂಗಿದ್ದರೆ ಅವಳು ಜಗಳ ಆಡಿ ಸುಮ್ಮನಾಗುತ್ತಿದ್ದಳು. ಆ ಮೌನವೇ ಅವಳ ಎದೆಗೆ ಬೆಂಕಿ ಹಚ್ಚಿತು. 'ಇವನೂ ಅಷ್ಟೇ... ಹೆಣ್ಣು ಮುಂದೆ ಹೋದರೆ ಸಹಿಸದ ಗಂಡು! ಇಂಥವನ ಬೈಕಿನ ಹಿಂದೆ ಕೂತು ಏನೇನೋ ಕನಸು ಕಂಡೆನಲ್ಲ...'

"ಇನ್ನ ನನ್ನ ಜೊತಿ ಮಾತಾಡಬ್ಯಾಡ್ರಿ, ಬ್ರದರ್!"

ಆ 'ಬ್ರದರ್' ಅವನಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು.

ನರ್ಸಿಂಗ್ ಸೂಪರಿಂಟೆಂಡೆಂಟ್ ದಾಕ್ಷಾಯಣಮ್ಮ ಎರಡೇ ನಿಮಿಷದಲ್ಲಿ ಹೊಸ ಫಾರ್ಮು ತುಂಬಿಕೊಟ್ಟರು. ಹನ್ನೆರಡಕ್ಕೂ ಐದು. "ಇಷ್ಟಕ್ಕ ಅಳ್ತಾರೇನು? ತಗೋ, ಶನಿವಾರದೊಳಗ ಕಳಿಸು." ಅವಳ ಕೆಲಸವನ್ನು ಅವರು ಒಂದು ದಿನವೂ ಹತ್ತಿರದಿಂದ ನೋಡಿರಲಿಲ್ಲ. ಆದರೂ ಐದಕ್ಕೆ ಐದು!

ಎರಡೂ ಫಾರ್ಮುಗಳು ಅವಳ ಬ್ಯಾಗಿನಲ್ಲಿ ಉಳಿದವು. ಹೊಸದನ್ನು ಕಳಿಸಲು ಯಾಕೋ ಕೈ ಬರಲಿಲ್ಲ. ಅದಕ್ಕೂ ಹುಲಿಗೇಶನ ಮೇಲೆಯೇ ಸಿಟ್ಟು ಬಂತು!

ನಾಲ್ಕು ದಿನ ಅವನ ಜೊತೆ ಮಾತಿಲ್ಲ. ಚಾರ್ಟನ್ನು ಅವನ ಮುಂದೆ ಟಪ್ ಎಂದು ಇಡುವುದು, ತಿರುಗಿ ನೋಡದೆ ಹೋಗುವುದು. ಶುಕ್ರವಾರ ಮಧ್ಯಾಹ್ನ ಊಟದ ಗಾಡಿ ಬರುವ ಹೊತ್ತು. ರೂಪನಗುಡಿಯ ಚನ್ನಬಸಮ್ಮನಿಗೆ ಊಟಕ್ಕೆ ಮುಂಚೆ ಇಪ್ಪತ್ತು ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ಸಕ್ಕರೆ ಕಾಯಿಲೆಯ ಮುದುಕಿ, ತುಂಬಾ ಮಾತಿನವಳು. ಅವಳ ಮಗ ಮೆಡಿಕಲ್ ಶಾಪಿನಿಂದ ಹೊಸ ಇನ್ಸುಲಿನ್ ಬಾಟಲಿ ತಂದುಕೊಟ್ಟಿದ್ದ.

ಶಶಿರೇಖಾ ದಿನಾ ಬಳಸುವ ಕೆಂಪು ಮುಚ್ಚಳದ ಸಿರಿಂಜು ತೆಗೆದಳು. ಬಾಟಲಿಯ ಮೇಲೆ ಕಣ್ಣು ಬಿತ್ತು. 100 ಎಂದಿತ್ತು. ದಿನಾ ನೋಡುವ ಬಾಟಲಿಯ ಮೇಲೆ 40 ಇರುತ್ತಿತ್ತಲ್ಲ...

ಕೈ ನಿಂತಿತು.

'ಇಪ್ಪತ್ತು ಅಂದರೆ ಇಪ್ಪತ್ತರ ಗೆರೆ ತನಕ, ಅಷ್ಟೇ ತಾನೆ? ಅಥವಾ...'

ಆ ಹೊತ್ತಿಗೆ ವಾರ್ಡಿನಲ್ಲಿ ಇನ್ನೊಬ್ಬ ನರ್ಸ್ ಎಂದರೆ ಅವನೊಬ್ಬನೇ. ಮೇಜಿನ ಹತ್ತಿರ ಕೂತು ಬರೆಯುತ್ತಿದ್ದ.

'ಇವನನ್ನು ಕೇಳಬೇಕಾ? ಇವನನ್ನಾ? ಕೇಳಿದರೆ ಅವನು ಬರೆದದ್ದು... ಸತ್ತರೂ ಕೇಳಲ್ಲ!'

"ಯಾಕವ್ವ, ಸೂಜಿ ಮ್ಯಾಗ ಏನರ ಬರದೈತೇನು? ಅಷ್ಟು ನೋಡಾಕತ್ತಿ?" ಚನ್ನಬಸಮ್ಮ ನಕ್ಕಳು. ಆಗಲೇ ಸೀರೆಯ ನೆರಿಗೆ ಸರಿಸಿ, ಹೊಟ್ಟೆ ಮುಂದೆ ಮಾಡಿ, ಪೂರಾ ನಂಬಿಕೆಯಿಂದ ಕೂತಿದ್ದಳು.

ಆ ಮುಖ ನೋಡಿದ್ದೇ ತಡ, ಶಶಿರೇಖಾಳಿಗೆ ತಡೆದುಕೊಳ್ಳಲಾಗಲಿಲ್ಲ.

"ಬ್ರದರ್! ಬರ್ರಿ ಇಲ್ಲಿ! ಈ ಬಾಟಲಿ ನಂಗ ತಿಳಿವಲ್ದು!"

ಕೇಳಿದ್ದಲ್ಲ, ಬೈದದ್ದು! ವಾರ್ಡೆಲ್ಲ ಮತ್ತೆ ತಿರುಗಿತು. ಅವನು ಎದ್ದು ಬಂದ. ಬಾಟಲಿ ನೋಡಿದ, ಸಿರಿಂಜು ನೋಡಿದ. ಅವನ ಮುಖದ ಬಣ್ಣವೇ ಇಳಿದುಹೋಯಿತು.

"ಇದು ನಲವತ್ತರ ಸಿರಿಂಜು. ಬಾಟಲಿ ನೂರರದ್ದು, ಎರಡೂವರಿ ಪಟ್ಟು ಗಟ್ಟಿ," ಮೆಲ್ಲಗೆ ಹೇಳಿದ. "ಇದರಾಗ ಇಪ್ಪತ್ತರ ಗೆರಿ ತನಕ ಎಳೆದ್ರ ಐವತ್ತು ಯೂನಿಟ್ ಹೋಗ್ತೈತಿ."

ಐವತ್ತು! ಸಕ್ಕರೆ ಸರ್ರನೆ ಇಳಿದು, ಮುದುಕಿ ಊಟದ ತಟ್ಟೆಯ ಮುಂದೆಯೇ ಎಚ್ಚರ ತಪ್ಪುತ್ತಿದ್ದಳು. ಜೀವವೇ ಹೋಗಬಹುದಿತ್ತು.

ಅವನು ಫಾರ್ಮಸಿಗೆ ಹೋಗಿ ಕಿತ್ತಳೆ ಮುಚ್ಚಳದ ಸಿರಿಂಜು ತಂದ. 'ನೋಡಿದೆಯಾ' ಎನ್ನಲಿಲ್ಲ. ನಗಲೂ ಇಲ್ಲ. "ನೀವ ಕೊಡ್ರಿ," ಎಂದು ಪಕ್ಕದಲ್ಲಿ ನಿಂತ.

ಕೊಟ್ಟು ಬಂದವಳು ಬೆಡ್‌ಶೀಟ್ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಕೇಳಿದರೆ ಅವಮಾನ ಎಂದು ಕಲಿಸಿದ ಕಾಲೇಜಿನ ಮೇಲೆ ಸಿಟ್ಟು, ಕಲಿತ ತನ್ನ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚು ಸಿಟ್ಟು ಅವನ ಮಾತು ನಿಜವಾಗಿದ್ದಕ್ಕೆ!

ಡ್ಯೂಟಿ ಮುಗಿದ ಮೇಲೆ ಅವನ ಮೇಜಿನ ಮುಂದೆ ಬಂದು ನಿಂತಳು. ದಾಕ್ಷಾಯಣಮ್ಮನ ಫಾರ್ಮನ್ನು ಅವನೆದುರೇ ನಾಲ್ಕು ಚೂರು ಮಾಡಿದಳು.

"ನಿಮ್ಮದನ್ನ ಕಳಿಸ್ತೀನಿ."

"ಶಶಿರೇಖಾ, ಇವತ್ತು ನೀವು ಕೇಳಿದ್ರಲ್ಲ. ಆ ಅಂಕ ನಾನು..."

"ಬದಲಿ ಮಾಡಬ್ಯಾಡ್ರಿ! ಬರದಾಗ ಅದು ಖರೆ ಇತ್ತು. ಆದ್ರ ನನ್ನ ಸಿಟ್ಟು ಹೋಗಿಲ್ಲ. ಎಂಟು ತಿಂಗಳು ಜೊತಿಗಿದ್ದು, ಈ ಮಾತು ಮೊದಲು ನನಗ ಹೇಳಬೇಕನ್ನಿಸಲಿಲ್ಲೇನು? ದೂರದ ಜರ್ಮನಿಗೆ ಬರದು ತಿಳಿಸ್ತೀರಿ, ಎದುರಿಗಿದ್ದಾಕಿಗೆ ಹೇಳಂಗಿಲ್ಲ!"

ಹುಲಿಗೇಶ್ ತಲೆ ತಗ್ಗಿಸಿದ. "ಅದು ನನ್ನ ತಪ್ಪು."

'ತಪ್ಪು ಅಂತ ಒಪ್ಪಿಕೊಂಡರೆ ಮುಗಿಯಿತಾ? ಯಾಕೆ ಹೇಳಲಿಲ್ಲ ಅಂತ ಹೇಳಲ್ಲವಾ?' ಕಾದು ನಿಂತಳು. ಅವನು ಕಾಗದದ ಚೂರುಗಳನ್ನು ಆರಿಸತೊಡಗಿದ. ಅವಳು ಹೋದಳು.

ಎರಡು ವಾರದ ಮೇಲೆ ವಿಡಿಯೋ ಸಂದರ್ಶನ. ತೆರೆಯ ಮೇಲೆ ಬೆಳ್ಳಿ ಕೂದಲಿನ ಜರ್ಮನ್ ಹೆಂಗಸು. ಮೊದಲನೇ ಪ್ರಶ್ನೆಯೇ ಒಂಬತ್ತನೆಯದರ ಮೇಲೆ!

ಶಶಿರೇಖಾ ಕುರ್ಚಿಯನ್ನು ಮುಂದೆ ಎಳೆದುಕೊಂಡಳು. ತನಗೆ ಬರುವ ಜರ್ಮನ್‌ನಲ್ಲಿ ಇದ್ದದ್ದು ಇದ್ದಂತೆ ಹೇಳಿದಳು. ಕಾಲೇಜು, ಚನ್ನಬಸಮ್ಮ, ಸಿರಿಂಜು, ತಾನು ಕೂಗಿದ್ದು... ಎಲ್ಲ.

ಆ ಹೆಂಗಸು ಬಹಳ ಹೊತ್ತು ಬರೆದುಕೊಂಡಳು. ಆಮೇಲೆ ಹೇಳಿದಳು, "ನಮಗೆ ಬಂದ ಅರ್ಜಿಗಳಲ್ಲಿ ಎಲ್ಲರಿಗೂ ಎಲ್ಲದಕ್ಕೂ ಐದು. ಯಾರನ್ನು ನಂಬುವುದು? ನಿಮ್ಮ ಫಾರ್ಮು ಬರೆದವರು ನಿಮ್ಮನ್ನು ನಿಜವಾಗಿ ನೋಡಿದ್ದಾರೆ."

ನಿಜವಾಗಿ ನೋಡಿದ್ದಾರೆ... ಆ ಮಾತು ಅವಳನ್ನು ಮಲಗಲು ಬಿಡಲಿಲ್ಲ.

ಆಯ್ಕೆಯ ಪತ್ರ ಬಂದ ಬೆಳಿಗ್ಗೆ ವಾರ್ಡಿಗೆ ಓಡಿದಳು. ಅವನ ಕುರ್ಚಿ ಖಾಲಿ.

"ನೀ ಫೋನ್ ಮಾಡಿದ ಕೂಡಲೆ ನಿನಗ ಸಿಕ್ಕಿತು ಅಂತ ನಾನ ಹೇಳಿದೆ," ಎಂದಳು ಅರುಣಾ. "ಕೇಳಿ ಭಾಳ ಖುಷಿಪಟ್ರು. ಆಮ್ಯಾಲ ನಾಕು ದಿನ ರಜಾ ಬರದು ಊರಿಗೆ ಹೋದ್ರು ನೋಡು."

"ನನ್ನ ಮುಖ ನೋಡದನ?"

ಹೋದ ಸಿಟ್ಟು ಹತ್ತು ಪಟ್ಟಾಗಿ ತಿರುಗಿ ಬಂತು. ಕುರುಗೋಡಿನ ಬಸ್ಸು ಹತ್ತಿಯೇಬಿಟ್ಟಳು!

ಹುಲಿಗೇಶನ ಮನೆ ಗುಡ್ಡದ ಬುಡದ ಓಣಿಯಲ್ಲಿತ್ತು. ಅವನು ಅಂಗಳದಲ್ಲಿ ಬೈಕ್ ತೊಳೆಯುತ್ತಿದ್ದ. ಅವಳನ್ನು ಕಂಡು ನಲ್ಲಿ ನಿಲ್ಲಿಸುವುದನ್ನೂ ಮರೆತ.

"ಓಡಿ ಬಂದ್ರೇನು?"

"ಶಶಿರೇಖಾ... ನೀವಿಲ್ಲಿ..."

"ಉತ್ತರ ಹೇಳ್ರಿ! ಯಾಕ ಓಡಿ ಬಂದ್ರಿ?"

"ಅಂಜಿಕಿ ಆತು. ನಿಮ್ಮೆದುರು ನಿಂತ್ರ ಹೋಗಬ್ಯಾಡ್ರಿ ಅಂದುಬಿಡ್ತೀನೇನೋ ಅಂತ."

ಅವನು ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬೈಕಿನ ಮೇಲೆ ಬಿಟ್ಟ.

"ಆವತ್ತು ಕೇಳಿದ್ರಲ್ಲ, ನಾನು ಹೋಗಬಾರದಾ ನಿಮಗ ಅಂತ. ಹೌದು. ಹೋಗಬಾರದು ಅನ್ನಿಸಿತ್ತು. ಮೊದಲು ಎಲ್ಲಾದಕ್ಕೂ ಐದು ಹಾಕಿದ್ದೆ. ಸುಳ್ಳು ಅಂತ ಹರಿದೆ. ಎರಡು ಹಾಕಿದೆ. ಆಮ್ಯಾಲ ಇದು ಖರೆ ಅಂತ ಹಾಕಿದ್ನೋ, ನೀವು ಇಲ್ಲೇ ಉಳೀಲಿ ಅಂತ ಹಾಕಿದ್ನೋ... ನನ್ನ ಮ್ಯಾಲ ನನಗ ನಂಬಿಕಿ ಇರಲಿಲ್ಲ. ಏನಂತ ಹೇಳ್ಲಿ ನಿಮ್ಮ ಮುಂದ?"

ಶಶಿರೇಖಾಳ ಕಣ್ಣು ತುಂಬಿ ಬಂತು. ದನಿ ಮಾತ್ರ ಇಳಿಯಲಿಲ್ಲ.

"ಇಷ್ಟ ಹೇಳಿದ್ರ ಆಗ್ತಿತ್ತಲ್ರಿ! ಗೊತ್ತಿಲ್ಲಂದ್ರ ಕೇಳಬೇಕು ಅಂತ ವಾರ್ಡಿಗೆಲ್ಲ ಪಾಠ ಹೇಳ್ತೀರಿ. ನೀವು ನನ್ನ ಮನಸ್ಸಿನಾಗ ಏನೈತಿ ಅಂತ ಒಂದ ಸಲನಾದ್ರೂ ಕೇಳಿದ್ರೇನು?"

"ಹುಲಿಗ್ಯಾ, ಯಾರಲೇ ಅದು?" ಒಳಗಿನಿಂದ ಅವನ ತಾಯಿಯ ದನಿ. "ಬಿಸಿಲಾಗ ಯಾಕ ಜಗಳಾಡ್ತೀರಿ? ಒಳಗ ಬಂದು ಜಗಳಾಡ್ರಿ!"

ಇಬ್ಬರಿಗೂ ನಗು ಬರುವಂತಾಯಿತು. ನಗಲಿಲ್ಲ. ಹುಲಿಗೇಶ್ ನಲ್ಲಿ ನಿಲ್ಲಿಸಿದ. ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಂಡು ಅವಳ ಹತ್ತಿರ ಬಂದ.

"ಶಶಿ..."

ಮೊದಲನೇ ಸಲ ಹಾಗೆ ಕರೆದಿದ್ದ.

"ನನ್ನ ಮದುವಿ ಆಗ್ತಿಯೇನು? ನೀನು ಹೋಗಿ ಬಂದ ಮ್ಯಾಲ ಆಗೋಣು. ಅಲ್ಲೇ ಉಳಿದ್ರ ನಾನೂ ಜರ್ಮನ್ ಕಲ್ತು ಅರ್ಜಿ ಹಾಕ್ತೀನಿ. ಹೋಗಬ್ಯಾಡ ಅಂತ ಮಾತ್ರ ಅನ್ನಂಗಿಲ್ಲ."

ಎಷ್ಟು ತಿಂಗಳಿಂದ ಕಾದಿದ್ದಳು ಈ ಮಾತಿಗೆ! ಈಗ ಬಂದರೆ ಕಣ್ಣೀರೇ ಮುಂದಾಯಿತು. ಸೆರಗಿಲ್ಲದ ಚೂಡಿದಾರ, ವೇಲನ್ನೂ ವಾರ್ಡಿನಲ್ಲೇ ಮರೆತು ಬಂದಿದ್ದಳು. ಕೈಯಿಂದಲೇ ಕಣ್ಣೊರೆಸಿಕೊಂಡಳು.

"ಒಂದು ವರ್ಷ ಅಲ್ಲಿರ್ತೀನಿ."

"ಇರು."

"ಸಿಟ್ಟು ಬಂದ್ರ ಫೋನ್ ಎತ್ತಂಗಿಲ್ಲ."

"ಎತ್ತೋ ತನಕ ಮಾಡ್ತೀನಿ."

"ಯಾವಾಗ ಬರ್ತಿ, ಯಾವಾಗ ಬರ್ತಿ ಅಂತ ದಿನಾ ಕೇಳಬಾರದು."

"ಅದೊಂದು ನನ್ನ ಕೈಲಿ ಆಗಂಗಿಲ್ಲ. ದಿನಾ ಕೇಳ್ತೀನಿ. ನೀ ದಿನಾ ಬೈಯಿ."

ಅವಳು ಅಳುತ್ತಲೇ ನಕ್ಕಳು. ಅವನ ಒದ್ದೆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಬೈತೀನಿ," ಎಂದಳು. "ಬಿಡಂಗಿಲ್ಲ ನಿನ್ನ."