ಗಡಿಕಲ್ಲಿನ ಕೆಳಗಿನ ಇದ್ದಿಲು

“ಆ ಕಲ್ಲನ್ನ ಮಾತ್ರ ಸರಿಸಬೇಡಿ ಸಾರ್,” ಎಂದ ಕ್ಷೌರಿಕ, ಕತ್ತರಿಯನ್ನು ಸರ್ವೆಯರನ ಕಿವಿಯ ಪಕ್ಕದಲ್ಲೇ ತಡೆದು. “ಸರಿಸಿದವರ ಮನೆಯೊಳಕ್ಕೇ ಗಡಿ ಬರುತ್ತೆ.”

ಸರ್ವೆಯರ್ ಕನ್ನಡಿಯೊಳಗಿಂದಲೇ ನಕ್ಕ. ಎರಡು ನಗರಗಳು ಬೆಳೆದು ಮೈಗೆ ಮೈ ತಾಗಿಸಿಕೊಂಡಿದ್ದ ಆ ಬೀದಿಗೆ ಅವನು ವರ್ಗವಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಕ್ಷೌರದಂಗಡಿಯ ಮೆಟ್ಟಿಲಿಗೆ ಒತ್ತಿಕೊಂಡು ಮೊಣಕಾಲೆತ್ತರದ ಕರಿಕಲ್ಲೊಂದಿತ್ತು. ಅದರ ಆಚೆಗೆ ದೊಡ್ಡ ನಗರ, ಈಚೆಗೆ ಚಿಕ್ಕದು. ಬೀದಿನಾಯಿಗಳು ಕೂಡ ಅದರ ಹತ್ತಿರ ಕಾಲೆತ್ತುತ್ತಿರಲಿಲ್ಲ.

“ಮೊದಲು ದಿನ ಬೆಳಗಾದ್ರೆ ಇವರು ಅತ್ತ, ಅವರು ಇತ್ತ ಸರಿಸ್ತಿದ್ರಂತೆ. ಬೇಸತ್ತು ಮಂತ್ರವಾದಿನ ಕರೆಸಿ ಕಟ್ಟು ಹಾಕಿಸಿದ್ದು.”

“ಆಮೇಲೆ ಯಾರ ಮನೆಗೆ ಬಂತು ಗಡಿ?”

“ನಮ್ಮಪ್ಪನ ಮನೆಗೆ. ಅಂಗಡಿ ಅಗಲ ಆಗ್ಲಿ ಅಂತ ಒಂದು ಗೇಣು ಸರಿಸಿದ್ರಂತೆ.” ಕ್ಷೌರಿಕ ಎದುರಿನ ಇಸ್ತ್ರಿ ಅಂಗಡಿಯತ್ತ ಗದ್ದ ಎತ್ತಿ ತೋರಿಸಿದ. ಅಲ್ಲೊಬ್ಬ ಮುದುಕ ಕುಳಿತಿದ್ದ. “ಅವರೇ ನಮ್ಮಪ್ಪ ಅಂತಾರೆ ಜನ. ನಂಗೆ ಗುರುತೇ ಇಲ್ಲ. ಅವರು ಮಾತ್ರ ದಿನಾ ನನ್ನ ನೋಡ್ಕೊಂಡು ಅಳ್ತಾರೆ.”

“ಸರಿಯಾದ ಕತೆ ಕಟ್ಟಿದೀಯಪ್ಪ,” ಎಂದು ಸರ್ವೆಯರ್ ಕೊರಳಿನ ಬಟ್ಟೆ ಕೊಡವಿ ಎದ್ದ.

ಅವನಿಗಿದ್ದದ್ದು ಬೇರೆಯದೇ ತಲೆಬಿಸಿ. ದೊಡ್ಡ ನಗರದ ಒಳ್ಳೆಯ ಶಾಲೆಗೆ ಆ ನಗರದೊಳಗೆ ವಾಸವಿರುವ ಮಕ್ಕಳನ್ನಷ್ಟೇ ಸೇರಿಸಿಕೊಳ್ಳುತ್ತಿದ್ದರು. ಅವನ ಬಾಡಿಗೆ ಮನೆಯೋ, ಕಲ್ಲಿನಿಂದ ಈಚೆಗೆ ಎರಡೇ ಮಾರು. ಮಗಳು ಪುಟ್ಟಿಯ ಬದುಕು ಎರಡು ಮಾರಿಗೆ ಕೆಡಬೇಕೇ? ಗಡಿ ಅಳೆಯಲೆಂದೇ ಸಂಬಳ ಕೊಟ್ಟು ಕಳಿಸಿದ್ದಾರೆ, ಕೇಳುವವರು ಯಾರು?

ಬೀದಿಯೆಲ್ಲ ಬಾಗಿಲು ಹಾಕಿ ಮಲಗಿದ್ದ ಒಂದು ರಜೆಯ ಮಧ್ಯಾಹ್ನ ಹಾರೆ ಹಿಡಿದ. ಹಿಂದಿನ ಕಾಲದ ಸರ್ವೆಯವರು ಗಡಿಕಲ್ಲಿನ ಅಡಿಯಲ್ಲಿ ಇದ್ದಿಲು ಹುಗಿಯುತ್ತಿದ್ದರು. ಇದ್ದಿಲು ಕೊಳೆಯುವುದಿಲ್ಲ, ಕಲ್ಲು ಕದಲಿದರೂ ನಿಜವಾದ ಜಾಗವನ್ನು ಅದು ಹೇಳುತ್ತದೆ. ಇಲ್ಲಿಯೂ ಇತ್ತು. ಆದರೆ ಕಲ್ಲಿನ ಅಡಿಗಲ್ಲ, ಸುಮಾರು ಒಂದು ಗೇಣು ಪಕ್ಕಕ್ಕೆ.

ಒಂದು ಗೇಣು. ಅವನ ಕೈ ಅರೆಕ್ಷಣ ತಡೆಯಿತು. ಇದ್ದಿಲಿನ ನಡುವೆ ಬೆನ್ನಿಗೆ ಬೆನ್ನು ಹಚ್ಚಿ ಕೂದಲಿನಿಂದ ಬಿಗಿದ ಎರಡು ಮರದ ಗೊಂಬೆಗಳಿದ್ದವು. ಸುಟ್ಟ ಉಗುರಿನಂಥ ವಾಸನೆ ಮೂಗಿಗೆ ರಾಚಿತು. ಗೊಂಬೆಗಳನ್ನು ಚರಂಡಿಗೆ ಎಸೆದ. ಮುಂದೆ ಯಾರಾದರೂ ಅಗೆದು ನೋಡಿದರೂ ಅನುಮಾನ ಬರಬಾರದೆಂದು ಇದ್ದಿಲನ್ನು ಚೂರೂ ಬಿಡದೆ ಬಾಚಿ, ತನ್ನ ಮನೆಯಿಂದ ಈಚೆಗೆ ತೋಡಿದ ಹೊಸ ಗುಂಡಿಗೆ ಸುರಿದು, ಮೇಲೆ ಕಲ್ಲು ನಿಲ್ಲಿಸಿದ. ಹಳೆಯ ಗುಂಡಿಗೆ ಮಣ್ಣು ತುಂಬಿ ತುಳಿದ. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡ, ದರಿದ್ರದವನು.

ಶಾಲೆಯಲ್ಲಿ ಸೀಟು ಸಿಕ್ಕಿತು. ಆ ಸಂಜೆ ನಡುಮನೆಯಲ್ಲಿ ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೊಸ ಶೂಗಳ ಲೇಸು ಕಟ್ಟಲು ಕಲಿಸುತ್ತಿದ್ದ. ಎರಡು ಕುಣಿಕೆ, ಮೇಲೊಂದು ಅಡ್ಡಗಂಟು. ಅಳತೆಗೆ ಇಳಿಬಿಡುವ ತೂಗುಗುಂಡಿನ ದಾರಕ್ಕೆ ಅವನು ಹಾಕುತ್ತಿದ್ದ ಗಂಟು. ಮೂರನೆಯ ಸಲಕ್ಕೆ ಅವಳಿಗೆ ಬಂತು.

ಕರೆಂಟು ಹೋಯಿತು.

“ಅಮ್ಮಾ, ನೋಡು ಬಾ!” ಪುಟ್ಟಿ ತೊಡೆಯಿಂದ ಜಾರಿ ಅಡುಗೆಮನೆಯತ್ತ ಓಡಿದಳು. ಕತ್ತಲಲ್ಲಿ ಸುಟ್ಟ ಉಗುರಿನ ವಾಸನೆ ಎದ್ದಿತು. ನೆಲದ ಮೇಲೆ ಏನೋ ಸರ್ರನೆ ಎಳೆದ ಸದ್ದು. ಹೆಂಡತಿ ಮೇಣದಬತ್ತಿ ಹಿಡಿದು ಬಂದಳು. ನೆಲಕ್ಕೆ ಅಡ್ಡಲಾಗಿ ಒಂದು ಕರಿಗೆರೆ, ಒದ್ದೆ ಇದ್ದಿಲಿನದು. ಅದರಾಚೆ ತಾಯಿ, ಮಗಳು.

ಪುಟ್ಟಿ ತಿರುಗಿ ನೋಡಿದಳು. ಅವಳ ಮುಖ ಬಿಳುಚಿತು. “ಅಮ್ಮ, ಯಾರೋ ಇದಾರೆ.”

“ಪುಟ್ಟೀ, ನಾನು ಕಣೇ. ಅಪ್ಪ.”

“ಯಾರ್ರೀ ನೀವು?” ಹೆಂಡತಿಯ ದನಿ ನಡುಗಿತು. “ಒಳಗೆ ಹೇಗೆ ಬಂದ್ರಿ?”

ಅವನು ಹೆಜ್ಜೆ ಇಟ್ಟ. ಗೆರೆಯೂ ಮುಂದೆ ಸರಿಯಿತು. ಇನ್ನೊಂದು ಹೆಜ್ಜೆ. ಗೆರೆಯೂ ಇನ್ನೊಂದು. ಅವರು ಹಿಂದಕ್ಕೆ ಹೋದರು. ಗೋಡೆಗೆ ಬೆನ್ನು ತಾಗಿತು. ಮಗು ಕಿರುಚಿತು. ಅವನು ನಿಂತ. ಗೆರೆಯೂ ನಿಂತಿತು. ತನ್ನ ಮಗುವನ್ನು ತಾನೇ ಹೆದರಿಸಿ ಕೊಲ್ಲುವುದೇ? ಬಾಗಿಲು ತೆರೆದು ಬೀದಿಗೆ ಓಡಿದ.

ಕಲ್ಲು ಕಿತ್ತ. ಹೊತ್ತ. ಹಳೆಯ ಜಾಗಕ್ಕೆ ತಂದ. ಹಳೆಯ ಜಾಗ ಯಾವುದು? ಕಲ್ಲಿದ್ದ ಜಾಗದ ಅಳತೆ ಅವನಲ್ಲಿತ್ತು. ಇದ್ದಿಲಿದ್ದ ಜಾಗದ್ದು ಇರಲಿಲ್ಲ. ಜಗತ್ತನ್ನೆಲ್ಲ ಅಳೆದವನು ಅದೊಂದನ್ನು ಅಳೆದಿಟ್ಟುಕೊಂಡಿರಲಿಲ್ಲ. ಇಲ್ಲಿಟ್ಟ, ಅಲ್ಲಿಟ್ಟ. ಪ್ರತಿ ಸಲ ಮನೆಗೆ ಓಡಿದ. ಪ್ರತಿ ಸಲ ಒಳಗಿನಿಂದ ಅದೇ ಕಿರುಚಾಟ.

ಇಸ್ತ್ರಿ ಅಂಗಡಿಯ ಮುದುಕ ಹತ್ತಿರ ಬಂದು ನಿಂತ. “ಕೂದಲೆಳೆ ತಪ್ಪಿದ್ರೂ ಆಗಲ್ಲಪ್ಪ. ನಾನೂ ಇಟ್ಟು ನೋಡಿದೀನಿ.” ಕಲ್ಲಿನತ್ತ ಬಾಗಿ ಕೇಳಿದ. “ಸರ್ವೆಯವರು ಬಂದಿದಾರೆ ಅಂದಾಗ ಆಸೆ ಇಟ್ಕೊಂಡಿದ್ದೆ. ನಿಜವಾದ ಜಾಗ ಗೊತ್ತು ಮಾಡೋ ಗುರುತೇನಾದ್ರೂ ಇರುತ್ತಂತಲ್ಲ. ನಿಮಗೆ ಸಿಗಲಿಲ್ವಾ?”

ಸರ್ವೆಯರ್ ಕೈಗಳನ್ನು ಅಂಗಿಗೆ ಒರೆಸಿಕೊಂಡ. ಮುದುಕ ಅವನ ಕಪ್ಪಾದ ಬೆರಳುಗಳನ್ನು ನೋಡಿದ. ಬೈಯಲಿಲ್ಲ. ಎದುರಿನ ಕ್ಷೌರದಂಗಡಿಯತ್ತ ಒಮ್ಮೆ ನೋಡಿ, ತನ್ನ ಜಾಗಕ್ಕೆ ಹೋಗಿ ಕುಳಿತ.

ಈಗಲೂ ಸರ್ವೆಯರ್ ಅಲ್ಲಿ ನೆಲ ಕೆದಕುತ್ತಿರುತ್ತಾನೆ. ಬೆಳಿಗ್ಗೆ ಪುಟ್ಟಿ ಅಮ್ಮನ ಕೈ ಹಿಡಿದು ಅದೇ ದಾರಿಯಲ್ಲಿ ಶಾಲೆಗೆ ಹೋಗುತ್ತಾಳೆ, ಒಳ್ಳೆಯ ಶಾಲೆಗೆ. ಒಂದು ದಿನ ಅವಳ ಲೇಸು ಅವನ ಮುಂದೆಯೇ ಬಿಚ್ಚಿತು. ಅವನು ಅರಿವಿಲ್ಲದೆ ಕೈ ಚಾಚಿದ. ತಾಯಿ ಮಗುವನ್ನು ಹಿಂದಕ್ಕೆಳೆದುಕೊಂಡಳು.

ಪುಟ್ಟಿ ತಾನೇ ಕುಕ್ಕರಗಾಲಲ್ಲಿ ಕೂತು ಎರಡು ಕುಣಿಕೆ ಮಾಡಿ, ಮೇಲೊಂದು ಅಡ್ಡಗಂಟು ಬಿಗಿದಳು.

“ಇದನ್ನ ಯಾರೇ ಕಲಿಸಿದ್ದು ನಿಂಗೆ?” ಎಂದಳು ತಾಯಿ.

“ಯಾರೂ ಇಲ್ಲ,” ಎಂದು ಪುಟ್ಟಿ ಎದ್ದು ನಿಂತಳು. “ನಂಗೇ ಬರುತ್ತೆ.”